ನೀಲಿ ಹಕ್ಕಿಯೂ ನನ್ನ ಹೀರೆಕಾಯಿ ಚಪ್ಪರವೂ

ಹಕ್ಕಿಗೊಂದು ಮನೆ ಕಟ್ಟಿಕೊಟ್ಟು, "ಬಾ ತಾಯಿ, ಬಂದು ಸಂಸಾರ ಹೂಡು" ಅಂತ ಕಾಯುತ್ತಾ ಕೂತ ಗಂಡಸನ್ನು ನೀವು ಕಂಡಿದ್ದೀರಾ? ಇಲ್ಲದಿದ್ದರೆ ಸರಟೋಗಾದ ನಮ್ಮನೆಗೆ ಬನ್ನಿ. ನಮ್ಮ ಯಜಮಾನರು ಶೇಷಗಿರಿ ಹಿತ್ತಿಲಲ್ಲೇ ಸಿಗುತ್ತಾರೆ, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು. ವಾರವಿಡೀ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಜೀವಕೋಶ ಸಾಕುವುದು ಸಾಲದು ಅಂತ ಈಗ ಬ್ಲೂಬರ್ಡು!

ಗುಬ್ಬಿಗಿಂತ ಒಂಚೂರು ದಪ್ಪ. ಬೆನ್ನು ನೀಲಿ, ಎದೆ ಇಟ್ಟಿಗೆ ಬಣ್ಣ. ಅಷ್ಟಕ್ಕೆ ಮರದ ಪೆಟ್ಟಿಗೆಯೇನು, ಕಬ್ಬಿಣದ ಕಂಬವೇನು! ಬಾಗಿಲು ಪೂರ್ವಕ್ಕೇ ಇರಬೇಕಂತೆ. (ಮನೆ ಕೊಳ್ಳುವಾಗ ನಾನು ವಾಸ್ತು ಅಂದಿದ್ದಕ್ಕೆ "ಮೂಢನಂಬಿಕೆ" ಅಂತ ನಕ್ಕಿದ್ದ ಮಹಾವಿಜ್ಞಾನಿ ಇವರೇ.) ತೂತು ಸರಿಯಾಗಿ ಒಂದೂವರೆ ಇಂಚು. ಮದುವೆಯಾಗಿ ಹದಿನೆಂಟು ವರ್ಷವಾಯಿತು, ನನ್ನ ಬಳೆಯ ಅಳತೆ ಇವರಿಗೆ ಇವತ್ತಿಗೂ ಗೊತ್ತಿಲ್ಲ.

"ಹಕ್ಕಿ ಕರೆಯೋಕೆ ಇಷ್ಟೆಲ್ಲ ಬೇಕೇನ್ರೀ? ಮೈಸೂರಲ್ಲಿ ನಮ್ಮಮ್ಮ ತಾರಸಿ ಮೇಲೆ ಸಂಡಿಗೆ ಒಣಹಾಕಿ ಕೋಲು ಹಿಡ್ಕೊಂಡು ಕೂತಿದ್ರೂ ಬರ್ತಿದ್ವು."

"ಅವು ಕಾಗೆ ಕಣೇ. ಇದಕ್ಕೆ ಹುಳಾನೇ ಆಗಬೇಕು."

ಬಂತು ನೋಡಿ ಹುಳ, ಪಾರ್ಸೆಲ್‌ನಲ್ಲಿ! ಅದೂ ಜೀವಂತ!

"ರೀ, ಇದು ಅಡುಗೆಮನೆ ಒಳಗೆ ಬಂದ್ರೆ ಹುಳಾನೂ ಹೊರಗೆ, ನೀವೂ ಹೊರಗೆ!"

"ಗರಾಜಿನ ಫ್ರಿಡ್ಜಲ್ಲಿ ಇಡ್ತೀನಿ ಬಿಡು ಮಾರಾಯ್ತಿ" ಅಂತ ಗೊಣಗುತ್ತಾ ಹೋದರು.

ನನ್ನ ಹೊಟ್ಟೆಯುರಿ ಬೇರೆಯೇ ಇತ್ತು. ನಮ್ಮ ಹಿತ್ತಿಲಲ್ಲಿ ದಿನವೆಲ್ಲ ಬಿಸಿಲು ಬೀಳುವುದು ಒಂದೇ ಒಂದು ಜಾಗದಲ್ಲಿ. ಅಲ್ಲಿ ಹೀರೆಕಾಯಿ ಚಪ್ಪರ ಹಾಕಬೇಕು ಅಂತ ನಾನು ಎರಡು ವರ್ಷದಿಂದ ಬಡಕೊಳ್ಳುತ್ತಿದ್ದೆ. ಕಂಬ ನೆಟ್ಟಿದ್ದು ಅಲ್ಲೇ! ಮೂರು ದಿನ ಜಗಳವಾಡಿ ಒಂದು ಕರಾರಿಗೆ ಬಂದೆವು. ಯುಗಾದಿಯೊಳಗೆ ಒಂದು ಜೋಡಿಯಾದರೂ ಪೆಟ್ಟಿಗೆಯೊಳಗೆ ಕಾಲಿಡದಿದ್ದರೆ ಕಂಬ ಕಿತ್ತು ಜಾಗ ನನಗೆ. ಹೈಸ್ಕೂಲಿಗೆ ಹೋಗುವ ಮಗಳು ಗಾರ್ಗಿ ಸಾಕ್ಷಿ.

ಯುಗಾದಿಗೆ ಎರಡೇ ದಿನ ಉಳಿದಿತ್ತು. ಹಕ್ಕಿಯಿರಲಿ, ಒಂದು ಪುಕ್ಕವೂ ಇಳಿದಿರಲಿಲ್ಲ. ನಾನು ಆಗಲೇ ಬೀಜ ನೆನೆಹಾಕಿದ್ದೆ.

ಅವತ್ತು ಸ್ಯಾನ್ ಮಟಿಯೋದಿಂದ ಭದ್ರಮ್ಮನವರು ಬಂದರು. ನಮ್ಮ ಕನ್ನಡ ಕೂಟದ ಹಿರಿಯರು, ಯಾರ ಮನೆಗೆ ಹೋದರೂ ಮೊದಲು ಸಿಂಕು ಇಣುಕಿ ನೋಡಿ ಆಮೇಲೆ ಕ್ಷೇಮ ವಿಚಾರಿಸುವವರು. ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ.

"ರವೆ ಜರಡಿ ಹಿಡಿದಿದ್ದೀಯೇನಮ್ಮ ಮೈಥಿಲಿ?"

"ನಮ್ಮನೇಲಿ ಜರಡಿ ಯಾಕ್ರೀ ಭದ್ರಮ್ಮನೋರೆ? ಬೇಕಾದ್ರೆ ಒಂದು ಹುಳ ತೋರಿಸಿ ನೋಡೋಣ!"

ಗರಾಜಿನ ಫ್ರಿಡ್ಜಿನಿಂದ ಬನ್ಸಿ ರವೆಯ ಡಬ್ಬ ತಂದೆ. ಮೊಸರಿನ ಹಳೇ ಡಬ್ಬ. (ನಮ್ಮ ಮನೆಗಳಲ್ಲಿ ಮೊಸರಿನ ಡಬ್ಬದಲ್ಲಿ ಮೊಸರೊಂದು ಬಿಟ್ಟು ಎಲ್ಲವೂ ಇರುತ್ತದೆ.) ಭದ್ರಮ್ಮನವರ ಕಣ್ಣೆದುರೇ ಜಂಬದಿಂದ ತಟ್ಟೆಗೆ ಸುರಿದೆ.

ರವೆ ನಡೆಯತೊಡಗಿತು.

ಅದು ರವೆಯಲ್ಲ, ಹುಳದ ಊಟಕ್ಕೆ ಅಂತ ಇವರು ಹಾಕಿಟ್ಟಿದ್ದ ಗೋಧಿ ಬೂಸ! ಅದರ ತುಂಬ ಹಳದಿ ಹುಳ, ಒಂದೊಂದೂ ಕೊಬ್ಬಿ ಕೂತಿದೆ. "ಶಿವ ಶಿವಾ!" ಅಂತ ಭದ್ರಮ್ಮನವರು ಕುರ್ಚಿ ಏರಿದರು. ನಾನು "ಅಯ್ಯಯ್ಯೋ" ಅಂತ ಕಿರುಚುತ್ತಾ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಓಡಿ, ಅಷ್ಟನ್ನೂ ಕಂಬದ ಬುಡಕ್ಕೆ ರಾಚಿದೆ.

ಬೇಲಿಯ ಮೇಲಿಂದ ನೀಲಿಯದೊಂದು ಇಳಿಯಿತು, ಹಿಂದೆಯೇ ಇನ್ನೊಂದು. ಗಬಗಬನೆ ತಿಂದವು. ತಿಂದು ತೇಗಿ, ಅವುಗಳಲ್ಲೊಂದು ಪೆಟ್ಟಿಗೆಯ ತೂತಿನಲ್ಲಿ ಇಣುಕಿ ಒಳಗೇ ಹೋಯಿತು. ನನ್ನ ಚಪ್ಪರಕ್ಕೆ ಕಲ್ಲು ಬಿತ್ತು! "ಹುಶ್! ಹುಶ್!" ಅಂದರೆ ಇನ್ನೊಂದೂ ಹೋಯಿತು. ಹಿಂದಿನಿಂದ ಭದ್ರಮ್ಮನವರು ಫೋನಿನಲ್ಲಿ ಫೋಟೋ ಹೊಡೆಯುತ್ತಿದ್ದರು. ಉಪ್ಪಿಟ್ಟು ಮಾತ್ರ ಬೇಡವೆಂದರು.

ಸಂಜೆಯೊಳಗೆ ಕೂಟದ ವಾಟ್ಸಾಪಿನಲ್ಲಿ ನಾನು 'ಪಕ್ಷಿಪ್ರೇಮಿ ಮೈಥಿಲಿ' ಆಗಿದ್ದೆ.

"ಒಂದು ತಿಂಗಳಿಂದ ನಾನು ಎಣಿಸಿ ಎಣಿಸಿ ಹತ್ತೇ ಹಾಕ್ತಿದ್ದೆ" ಅಂದರು ಇವರು, ಕಣ್ಣಲ್ಲಿ ನೀರು ತುಂಬಿಕೊಂಡು. "ನಿನ್ನ ಕೈ ದೊಡ್ಡದು ಕಣೇ."

ಅವು ಗೂಡು ಕಟ್ಟಿ ಮೊಟ್ಟೆಯನ್ನೂ ಇಟ್ಟವು. "ಅಮ್ಮಾ, ಈಗ ನೆಸ್ಟ್ ಮುಟ್ಟೋದು ಇಲ್ಲೀಗಲ್" ಅಂತ ಗಾರ್ಗಿ ತೀರ್ಪು ಕೊಟ್ಟಳು. ನೆನೆಹಾಕಿದ್ದ ಬೀಜ ಕೊಳೆತುಹೋಯಿತು. ಮರಿ ಬಂದ ಮೇಲೆ ಇನ್ನೊಂದು ಗ್ರಹಚಾರ: ದುರ್ಬೀನು ಕಂಡರೆ ಹಕ್ಕಿಗಳು ಹಾರಿಹೋಗುತ್ತವೆ, ನನ್ನನ್ನು ಕಂಡರೆ ಬೇಲಿಗೆ ಬಂದು ಕೂರುತ್ತವೆ. ಹುಳ ಹಾಕುವ ಕೆಲಸ ನನ್ನ ತಲೆಗೇ ಬಂತು. ಥೂ, ಅಸಹ್ಯ! ಕೈಗೆ ಗ್ಲೌಸು, ಮೂಗಿಗೆ ಸೆರಗು. ಎರಡು ವಾರಕ್ಕೆ ಗ್ಲೌಸೂ ಹೋಯಿತು, ಸೆರಗೂ ಇಳಿಯಿತು.

ಮೊನ್ನೆ ಇವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಕಾಫಿ ಕೇಳಿದರು.

"ಸ್ವಲ್ಪ ತಡೀರಿ, ಮಕ್ಕಳಿಗೆ ತಿಂಡಿ ಕೊಟ್ಟು ಬರ್ತೀನಿ" ಅಂದೆ.

ಗಾರ್ಗಿ ಸ್ಕೂಲಿಗೆ ಹೋಗಿ ಆಗಲೇ ಒಂದು ಗಂಟೆಯಾಗಿತ್ತು.