ತುಪ್ಪದವರ ಮನೆಯ ರೊಟ್ಟಿ ಸಂಗ್ರಾಮ

ಸ್ವಸ್ತಿ! ಸಮಸ್ತಪಾತ್ರೆಪರಿವಾರಾಶ್ರಯೆ, ಶ್ರೀಸೌಟುವಲ್ಲಭೆ, ಒಗ್ಗರಣೆಧೂಮಧ್ವಜೆ, ಮುಳ್ಳುಬದನೆಗರ್ವಭಂಜನೆ, ಮೂರುಬರ್ನರುಮಂಡಲಾಧೀಶ್ವರಿಯಾದ ನೀಲಾಂಬಿಕಾ ತುಪ್ಪದ ಎಂಬ ವೀರವನಿತೆಯ ಕಥೆಯನ್ನು ಹೇಳತೊಡಗುವ ಮುನ್ನ, ಹೇ ಜಠರಾಗ್ನಿಯೇ, ನಿನಗೆ ಮೊದಲ ವಂದನೆ. ನೀನಿಲ್ಲದಿದ್ದರೆ ಅಡುಗೆಯಿಲ್ಲ, ಅಡುಗೆಯಿಲ್ಲದಿದ್ದರೆ ಅತಿಥಿಯಿಲ್ಲ, ಅತಿಥಿಯೇ ಇಲ್ಲದಿದ್ದರೆ ಅತ್ತೆಸೊಸೆಯರಿಗೆ ಜಗಳವಾಡಲು ಬೇರೆ ಕಾರಣಗಳು ಎಷ್ಟೋ ಸಿಕ್ಕಾವು, ಆದರೆ ಇಷ್ಟು ರುಚಿಕಟ್ಟಾದದ್ದು ಸಿಗಲಾರದು.

ಕೃತ, ತ್ರೇತಾ, ದ್ವಾಪರಗಳು ಸಂದು, ಕಲಿಯುಗದಲ್ಲಿ ಸೌದೆಯ ಒಲೆಗಳು ಆರಿ, ಸಾಕ್ಷಾತ್ ಅಗ್ನಿದೇವನೇ ಕೊಳವೆಯೊಳಗೆ ನುಸುಳಿ ಮನೆಮನೆಗೆ ಬರತೊಡಗಿದ ಕಾಲವದು. ಹುಬ್ಬಳ್ಳಿಯೆಂಬ ವಣಿಜನಿಬಿಡನಗರಿಯ ವಿದ್ಯಾನಗರದಲ್ಲಿ ಗುರುಸಿದ್ದಪ್ಪ ತುಪ್ಪದ ಎಂಬ ಉದ್ಯಮಿಯಿದ್ದ. ಆಸ್ಪತ್ರೆಗಳಿಗೆ ಮಂಚ, ಕುರ್ಚಿಗಳನ್ನು ಮಾಡಿಕೊಡುವ ಸಣ್ಣದೊಂದು ಕಾರ್ಖಾನೆ ಅವನದು. ಉಕ್ಕಿನ ಕೊಳವೆಯನ್ನು ಕಬ್ಬಿನ ಜಲ್ಲೆಯಂತೆ ಬಾಗಿಸಬಲ್ಲ ಆ ಭುಜಬಲಭೀಮನಿಗೆ ಬಾಗದಿದ್ದದ್ದು ಒಂದೇ, ತನ್ನ ನಾಲಿಗೆ. ನಾಲ್ಕು ಜನರೆದುರು ನಿಂತರೆ ಅವನ ಮಾತು ಗಂಟಲಲ್ಲೇ ತುಕ್ಕು ಹಿಡಿಯುತ್ತಿತ್ತು.

ಅವನ ಕಾರ್ಖಾನೆಯ ಕಣ್ಮಣಿಯೆಂದರೆ ಒಂದು ಕುರ್ಚಿ. ರೋಗಿಯ ಜೊತೆಗಿರುವವರು ಹಗಲಲ್ಲಿ ಅದರ ಮೇಲೆ ಕುಳಿತಿರಬಹುದು, ರಾತ್ರಿ ಬಿಚ್ಚಿ ಮಲಗಬಹುದು. ಅದನ್ನು ಕಲ್ಪಿಸಿದವಳು ಅವನ ಹೆಂಡತಿ ನೀಲಾಂಬಿಕೆ. ಆದರೆ ಆ ಸಂಗತಿ ಮನೆಯವರಿಗಲ್ಲದೆ ಲೋಕಕ್ಕೆ ತಿಳಿದಿರಲಿಲ್ಲ. ಹಿಂದೊಮ್ಮೆ ಸೊಲ್ಲಾಪುರದಿಂದ ಗಿರಾಕಿಗಳು ಊಟಕ್ಕೆ ಬಂದಾಗ ಅವಳು ಅಡುಗೆಮನೆಯಲ್ಲಿ ಬಿಸಿರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ಗುರುಸಿದ್ದಪ್ಪ ಕುರ್ಚಿ ಬಿಚ್ಚಿ ತೋರಿಸಹೋಗಿ ಬೇರೆ ಯಾವುದೋ ಹಿಡಿಕೆಯನ್ನೆಳೆದು, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ಕುರ್ಚಿಯೊಳಗೆ ತಾನೇ ಮಡಚಿಕೊಂಡಿದ್ದ. ಗಿರಾಕಿಗಳು ಮನಸಾರೆ ನಕ್ಕರು, ಹೊಟ್ಟೆತುಂಬ ಉಂಡರು, ಹೋದರು. ಮತ್ತೆ ಫೋನು ಮಾಡಲಿಲ್ಲ.

ಹೀಗಿರಲಾಗಿ ಒಂದು ಸೋಮವಾರದ ಸಂಜೆ ಗುರುಸಿದ್ದಪ್ಪ ಚಪ್ಪಲಿ ಬಿಡುತ್ತಲೇ ಸುದ್ದಿ ತಂದ.

"ನೀಲಾ, ಗುರುವಾರ ಬಿಜಾಪುರದಿಂದ ದೊಡ್ಡ ದವಾಖಾನಿಯವ್ರು ಇಬ್ರು ಬರಾಕತ್ಯಾರ. ಕುರ್ಚಿ ನೋಡ್ತಾರಂತ. ಮಧ್ಯಾಹ್ನದ ಊಟ ನಮ್ಮನ್ಯಾಗ ಅಂತ ಹೇಳಿಬಿಟ್ಟೇನಿ."

ಒಗ್ಗರಣೆಯ ಸೌಟನ್ನು ಗದೆಯಂತೆ ಹೆಗಲಿಗೇರಿಸಿ ನೀಲಾಂಬಿಕೆ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತಳು. ಸೊಲ್ಲಾಪುರದ ಪರಾಭವವು ಅವಳ ಹೃದಯದಲ್ಲಿ ಮೀನಿನ ಮುಳ್ಳಿನಂತೆ ಇನ್ನೂ ಚುಚ್ಚುತ್ತಿತ್ತು. ಆ ಮಾನಿನಿ ಹೀಗೆ ಪ್ರತಿಜ್ಞೆಗೈದಳು:

"ಹಂಗಾರ ಕೇಳ್ರಿ ಇಲ್ಲೆ. ಗುರುವಾರ ನಾ ಒಲಿ ಮುಂದ ನಿಂದ್ರಾಂಗಿಲ್ಲ. ಬುಧವಾರ ಸಂಜಿ ದೀಪಾ ಹಚ್ಚೂದ್ರಾಗ ಅಡಗಿ ಅಷ್ಟೂ ಮಾಡಿ ಮುಚ್ಚಿಡ್ತೀನಿ. ಬಂದವರ ಮುಂದ ನಾ ಕುಂಡ್ರಾಕಿ. ಕುರ್ಚಿ ನಂದು, ಮಾತೂ ನಂದು!"

ದಿಕ್ಕುಗಳು ನಡುಗಿದವು. ಫ್ರಿಜ್ಜು ಗುರ್ರೆಂದಿತು. ದೇವರಮನೆಯಿಂದ ಗಂಭೀರಗಮನೆಯೂ ವಿಭೂತಿಭೂಷಿತಲಲಾಟೆಯೂ ಸಪ್ತಗ್ರಾಮವಿಖ್ಯಾತರೊಟ್ಟಿಹಸ್ತೆಯೂ ಆದ ಅತ್ತೆ ಬಸಲಿಂಗವ್ವ ಹೊರಬಂದಳು.

"ಅಂದ್ರ, ಮನಿಗೆ ಬಂದವರಿಗೆ ತಂಗಳಾ ಬಡಸಾಕಿ ನೀ?"

"ತಂಗಳಲ್ರಿ ಅತ್ತಿ. ಮೊದಲ ಮಾಡಿಟ್ಟಿದ್ದು."

"ಹೆಸರು ಬ್ಯಾರೆ ಇಟ್ರ ತಂಗಳಾ ಬಿಸಿ ಆಕ್ಕೈತೇನ?"

ಈ ಮೊದಲ ಬಾಣವು ಸೊಸೆಯ ಕವಚಕ್ಕೆ ತಾಗಿತು. ಬಸಲಿಂಗವ್ವ ಬಿಲ್ಲನ್ನಿಳಿಸಲಿಲ್ಲ.

"ನಾ ಈ ಮನಿಗೆ ಬಂದ ಮ್ಯಾಲ ಸ್ವಾಮಿಗೋಳು ಉಂಡಾರ, ಸಾಲಿ ಮಾಸ್ತರು ಉಂಡಾರ, ಒಬ್ಬ ಮಂತ್ರಿ ಡ್ರೈವರನೂ ಉಂಡಾನ. ಒಬ್ಬರ ತಾಟಿಗೂ ಆರಿದ ರೊಟ್ಟಿ ಬಿದ್ದಿಲ್ಲ. ಹಂಚಿನಿಂದ ತಾಟಿಗೆ ಹೋಗೂತನಾ ರೊಟ್ಟಿ ಉಸರು ಬಿಡತಿರಬೇಕು. ಅದು ಈ ಮನಿ ಮರ್ಯಾದಿ!"

"ಖಡಕ್ ರೊಟ್ಟಿ ಮಾಡ್ತೀನಲ್ರಿ. ಅದು ತಿಂಗಳಿಟ್ರೂ ಕೆಡಾಂಗಿಲ್ಲ. ಎಣ್ಣಿಗಾಯಿ ಮರುದಿನಾನ ರುಚಿ. ಶೇಂಗಾ ಹೋಳಿಗಿ ನಾಕು ದಿನಾ ಇರ್ತಾವು. ನೀವ ಕಲಿಸಿದ್ದಲ್ರಿ ಇದೆಲ್ಲಾ?"

"ಕಲಿಸಿದ್ದು ಖರೆ. ಬಂದವರ ಮುಂದ ಬಡಸಂತ ಕಲಿಸಿಲ್ಲ."

ಉಭಯಸೈನ್ಯಗಳ ನಡುವೆ ಸಿಕ್ಕ ಗುರುಸಿದ್ದಪ್ಪ ಒಮ್ಮೆ ತಾಯಿಯ ಕಡೆ ನೋಡಿದ, ಒಮ್ಮೆ ಹೆಂಡತಿಯ ಕಡೆ ನೋಡಿದ. "ಕಾರ್ಖಾನಿಗೆ ಒಂದ ಸಲ ಹೋಗಿ ಬರ್ತೀನಿ" ಎಂದು ಬಿಟ್ಟಿದ್ದ ಚಪ್ಪಲಿಯನ್ನೇ ಮತ್ತೆ ಮೆಟ್ಟಿದ. ಅವನು ಕಾರ್ಖಾನೆಗೆ ಬೀಗ ಹಾಕಿಯೇ ಮನೆಗೆ ಬಂದಿದ್ದನೆಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ಮಂಗಳವಾರ ದಂಡಯಾತ್ರೆ ಹೊರಟಿತು. ನೀಲಾಂಬಿಕೆ ಸಂತೆಗೆ ನುಗ್ಗಿ, ನೀಲವರ್ಣದ ಮುಳ್ಳುಬದನೆಗಳನ್ನು ಒಂದೊಂದಾಗಿ ತೊಟ್ಟು ಹಿಡಿದೆತ್ತಿ, ಹುಳುಕರನ್ನು ಅಲ್ಲೇ ತಿರಸ್ಕರಿಸಿ, ಶೂರರನ್ನು ಮಾತ್ರ ಚೀಲಕ್ಕಿಳಿಸಿಕೊಂಡಳು. ಮನೆಗೆ ಬಂದು ಶೇಂಗಾ ಹುರಿದಳು, ಗುರೆಳ್ಳು ಹುರಿದಳು, ಕುಟ್ಟಿದಳು. ಕೆಂಪು ಚಟ್ನಿಯ ಘಾಟಿಗೆ ಓಣಿಯ ಆ ತುದಿಯವರೆಗೆ ಸೀನುಗಳ ಭೇರೀನಾದವೆದ್ದಿತು.

ಶತ್ರುಪಕ್ಷವೂ ಸುಮ್ಮನಿರಲಿಲ್ಲ. ಫ್ರಿಜ್ಜೆಂಬ ಹಿಮಗಿರಿದುರ್ಗದ ನಡುವಿನ ಅಂತಸ್ತನ್ನು ಬಸಲಿಂಗವ್ವ ದೋಸೆಹಿಟ್ಟಿನ ಡಬ್ಬಿ, ಮಲ್ಲಿಗೆ ಮೊಗ್ಗಿನ ಪೊಟ್ಟಣ ಮತ್ತು ಯಾರೂ ಮುಟ್ಟದ ಒಂದು ಹಾಗಲಕಾಯಿಯಿಂದ ಭದ್ರಪಡಿಸಿದ್ದಳು. ದೊಡ್ಡ ಬರ್ನರಿನ ಮೇಲೆ ಹಾಲಿಟ್ಟು, ಅದು ಉಕ್ಕದಂತೆಯೂ ಕಾಯದಂತೆಯೂ ಸಣ್ಣ ಉರಿಯಲ್ಲಿ ಸಾಯಂಕಾಲದವರೆಗೂ ಕಾವಲು ಕುಳಿತಳು.

"ಅತ್ತಿ, ಹಾಲು ಕಾದಾವಲ್ರಿ?"

"ಇನ್ನೂ ಕೆನಿ ಕಟ್ಟವಲ್ದು."

ನೀಲಾಂಬಿಕೆ ಉಳಿದೆರಡು ಸಣ್ಣ ಉರಿಗಳ ಮೇಲೆಯೇ ಯುದ್ಧ ಮುಂದುವರಿಸಿದಳು. ಬುಧವಾರ ಬದನೆಗಳ ಎದೆ ಸೀಳಿ ಮಸಾಲೆ ತುಂಬಿದಳು. ಹೂರಣ ನಾದಿ ಹೋಳಿಗೆ ತಟ್ಟಿದಳು. ಜೋಳದ ರೊಟ್ಟಿಗಳನ್ನು ಚಂದ್ರಬಿಂಬದಂತೆ ಬಡಿದು, ಬೇಯಿಸಿ, ಹಂಚಿನ ಬಿಸಿಗೇ ಒಣಗಿಸಿ, ಮುರಿದರೆ ಕಟ್ಟೆನ್ನುವಂತೆ ಗರಿಗರಿಯಾಗಿಸಿದಳು. ಮಧ್ಯಾಹ್ನ ಒಂದು ದುರಂತವೂ ಘಟಿಸಿತು. ದುರ್ಗದೊಳಗೆ ಎಣ್ಣೆಗಾಯಿಯ ಪಾತ್ರೆಗೆ ಜಾಗ ಮಾಡಹೋದಾಗ ಮೊಸರಿನ ಗಡಿಗೆ ಜಾರಿ ನೆಲವೆಲ್ಲ ಕ್ಷೀರಸಾಗರವಾಯಿತು. ನೀಲಾಂಬಿಕೆ ಒಂದು ಗಳಿಗೆ ಅದರ ನಡುವೆ ಕುಕ್ಕರುಗಾಲಲ್ಲಿ ಕುಳಿತು ಕಣ್ಣೊರೆಸಿಕೊಂಡಳು. ಆಮೇಲೆ ನೆಲ ಒರೆಸಿದಳು. ಮತ್ತೆ ಹಾಲಿಗೆ ಹೆಪ್ಪು ಹಾಕಿದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸಕಲವೂ ಸಿದ್ಧವಾಗಿತ್ತು. ಮುಚ್ಚಳ ಧರಿಸಿದ ಪಾತ್ರೆಗಳು ಶಿರಸ್ತ್ರಾಣ ತೊಟ್ಟ ಕಾಲಾಳುಗಳಂತೆ ಕಟ್ಟೆಯುದ್ದಕ್ಕೂ ಸಾಲಾಗಿ ನಿಂತವು.

ಆಗ, ಶ್ರೋತೃಗಳೇ, ಆ ವೀರಾಗ್ರಣಿಯ ಎದೆಯೊಳಗೆ ಮೊದಲ ಬಾರಿಗೆ ಭಯ ಸುಳಿಯಿತು. ಅಡುಗೆಯ ಭಯವಲ್ಲ. ನಾಳೆ ಮಾತಾಡಬೇಕಲ್ಲ ಎಂಬ ಭಯ. ಅವಳೂ ಹಿಂದೆ ಪರಕೀಯರೆದುರು ವ್ಯವಹಾರದ ಮಾತಾಡಿದವಳಲ್ಲ. ಯಾರೂ ಇಲ್ಲದ್ದನ್ನು ನೋಡಿ, ಸೆರಗು ಸರಿಮಾಡಿಕೊಂಡು, ಕುಕ್ಕರಿಗೆ ಕೈಮುಗಿದು ಶುರುಮಾಡಿದಳು.

"ನಮಸ್ಕಾರ್ರಿ. ಇದು... ಹಗಲ ಕುರ್ಚಿರಿ. ರಾತ್ರಿ... ಜಡ್ಡಾದವರ ಹಂತ್ಯಾಕ ಇರೋರು ಅದಾರಲ್ರಿ, ಅವ್ರಿಗೂ ಬೆನ್ನ ಇರತೈತ್ರಿ. ಅವ್ರ ಬೆನ್ನ ಯಾರೂ ನೋಡಾಂಗಿಲ್ಲ, ಅದಕ್ಕ..."

ಅಲ್ಲಿಗೆ ಮಾತು ಸಿಕ್ಕಿಕೊಂಡಿತು. ಮತ್ತೆ ಮೊದಲಿನಿಂದ ಹೇಳಿದಳು, ಮತ್ತೆ ಅಲ್ಲೇ ಸಿಕ್ಕಿಕೊಂಡಿತು. ಕುಕ್ಕರು ಮೌನವಾಗಿ ಆಲಿಸಿತು. ಬಾಗಿಲ ಮರೆಯಲ್ಲಿ, ನೀರು ಕುಡಿಯಲೆಂದು ಬಂದ ಬಸಲಿಂಗವ್ವ ಕೂಡ ಆಲಿಸಿದಳು, ಕುಡಿಯದೆಯೇ ಹಿಂದಿರುಗಿದಳು.

ಗುರುವಾರ ಉದಯವಾಯಿತು. ನೀಲಾಂಬಿಕೆ ಇಳಕಲ್ ಸೀರೆಯುಟ್ಟು ರಣಾಂಗಣಕ್ಕಿಳಿಯುವಷ್ಟರಲ್ಲಿ ಅಡುಗೆಮನೆಯಿಂದ ಧಪಧಪನೆ ಸದ್ದು ಕೇಳಿತು. ಒಲೆಯ ಮೇಲೆ ಕಬ್ಬಿಣದ ಹಂಚು ಕೆಂಪೇರುತ್ತಿತ್ತು; ಎತ್ತರದ ಸ್ಟೂಲಿನ ಮೇಲೆ ಬಸಲಿಂಗವ್ವ ಸಿಂಹಾಸನಾಸೀನೆಯಾಗಿ ರೊಟ್ಟಿ ಬಡಿಯುತ್ತಿದ್ದಳು.

"ಅತ್ತೀ! ಮೊಳಕಾಲು ಕೊಯ್ಸಿಕೊಂಡೀರಿ, ಡಾಕ್ಟರು ಒಲಿ ಮುಂದ ನಿಂದ್ರಬ್ಯಾಡ ಅಂದಾರ!"

"ನಿಂದ್ರಬ್ಯಾಡ ಅಂದಾನ. ಕುಂತು ಬಡೀಬ್ಯಾಡ ಅಂದಿಲ್ಲ. ನೀ ಹೊರಗಿಂದು ನೋಡ್ಕೊ, ನಾ ಒಳಗಿಂದು ನೋಡ್ಕೋತೀನಿ."

ಇದು ಸಂಧಿಯೋ ಹೊಸ ಆಕ್ರಮಣವೋ ತಿಳಿಯದೆ ಸೊಸೆ ನಿಂತಿರುವಾಗಲೇ ಗೇಟಿನಲ್ಲಿ ಕಾರಿನ ಹಾರನ್ನು ಮೊಳಗಿತು.

ಇಳಿದವರು ಇಬ್ಬರು. ಆಸ್ಪತ್ರೆಗೆ ಬೇಕಾದ ಸಾಮಾನುಗಳನ್ನು ಆರಿಸುವ ಸುಧಾರಾಣಿ ಮಹಾಗಾಂವ, ಕನ್ನಡಕದ ಮೇಲಿನಿಂದ ಲೋಕವನ್ನು ತೂಗುವವಳು. ಅವಳ ಹಿಂದೆ ಮ್ಯಾನೇಜರ್ ರಾಚಯ್ಯ ಸಾಲಿಮಠ, ಪರ್ವತೋಪಮದೇಹಿ. ನಸುಕಿನಲ್ಲೇ ಹೊರಟು ಹಾದಿಯುದ್ದಕ್ಕೂ ತಗ್ಗುದಿನ್ನೆಗಳಲ್ಲಿ ಕುಲುಕಿ ಬಂದಿದ್ದ ಅವರ ಕಣ್ಣುಗಳು ಆಗಲೇ ಅರ್ಧ ಮುಚ್ಚಿದ್ದವು.

ಪಡಸಾಲೆಯ ನಡುವೆ ಕುರ್ಚಿ ವಿರಾಜಮಾನವಾಗಿತ್ತು. ಗುರುಸಿದ್ದಪ್ಪನ ಕೈ ಹಳೆಯ ಚಾಳಿಯಂತೆ ಹಿಡಿಕೆಯ ಕಡೆ ಹೊರಟಿತು. "ತಡೀರಿ" ಎಂದು ನೀಲಾಂಬಿಕೆ ಮುಂದೆ ಬಂದಳು. "ನಮಸ್ಕಾರ್ರಿ. ಇದು ಹಗಲ ಕುರ್ಚಿರಿ..."

ಅಷ್ಟೇ. ಮಾತು ನಿಂತಿತು.

ಸುಧಾರಾಣಿ ಕುರ್ಚಿಯ ಬೆನ್ನನ್ನು ಬೆರಳಿನಿಂದ ಬಡಿದು ನೋಡಿದಳು. "ಮಡಚೂ ಕಡೆ ನಡಕ್ಕ ಚುಚ್ಚಾಂಗಿಲ್ಲೇನ್ರಿ? ಇದರ ನಕ್ಷಾ ಮಾಡಿದವ್ರು ಯಾರು? ಅವ್ರನ್ನ ಕರಸ್ರಿ, ಅವ್ರನ್ನ ಕೇಳ್ತೀನಿ."

ಗುರುಸಿದ್ದಪ್ಪ ಹೆಂಡತಿಯನ್ನು ನೋಡಿದ. ಹೆಂಡತಿ ನೆಲವನ್ನು ನೋಡಿದಳು. ಆಗ ಮೊಣಕೈವರೆಗೆ ಹಿಟ್ಟು ಬಳಿದುಕೊಂಡು, ಬಾಗಿಲ ಚೌಕಟ್ಟನ್ನು ಹಿಡಿದು ಬಸಲಿಂಗವ್ವ ಪ್ರತ್ಯಕ್ಷಳಾದಳು.

"ಯಾರನ್ನ ಕರಸ್ತೀರಿ? ಇಕೀನ ಮಾಡಿದ್ದು. ನನ್ನ ಮೊಳಕಾಲು ಕೊಯ್ದಾಗ ನಾ ಮಂಚದ ಮ್ಯಾಲ ಗೊರಕಿ ಹೊಡದೆ. ಇಕಿ ಸ್ಟೂಲಿನ ಮ್ಯಾಲ ಕುಂತು, ಗ್ವಾಡಿಗೆ ತಲಿ ಕೊಟ್ಟು ರಾತ್ರಿ ಕಳದ್ಲು. ಒಂದಿನಾ ಬೆನ್ನ ನೋಯತೈತಿ ಅನ್ಲಿಲ್ಲ. ಮನಿಗೆ ಬಂದ ಮ್ಯಾಲ ಸೀಮಿಸುಣ್ಣಾ ತಗೊಂಡು ಕಾರ್ಖಾನಿ ನೆಲದ ಮ್ಯಾಲ ಈ ಕುರ್ಚಿ ಬರದ್ಲು. ಹೇಳವ್ವಾ ನೀಲಾ. ನಿನ್ನಿ ಕುಕ್ಕರ್ ಮುಂದ ಹೇಳಾಕತ್ತಿದ್ದಿ ಅಲ್ಲಾ, ಅದನ್ನ ಹೇಳು."

ನೀಲಾಂಬಿಕೆ ತಲೆಯೆತ್ತಿದಳು. ಇಷ್ಟು ವರ್ಷದಲ್ಲಿ ಅತ್ತೆಯ ಬಾಯಿಂದ ಆ ರಾತ್ರಿಗಳ ಮಾತು ಬಂದದ್ದು ಅದೇ ಮೊದಲು. ಅವಳು ಕಣ್ಣು ಒರೆಸಿಕೊಳ್ಳಲಿಲ್ಲ, ಹಿಡಿಕೆಗೆ ಕೈಯಿಟ್ಟಳು.

"ಚುಚ್ಚಾಂಗಿಲ್ರಿ. ಮಡಚೂ ಕೀಲು ನಡದ ಕೆಳಗಿಲ್ಲ, ಮೊಳಕಾಲಿನ ಕೆಳಗೈತಿ. ನಡ ನೋಯೋದು ಏನಂತ ನನಗ ಗೊತ್ತೈತ್ರಿ, ಅದಕ್ಕ ಅಲ್ಲಿಡಲಿಲ್ಲ. ಒಂದ ಕೈಲೆ ಬಿಚ್ಚಬಹುದು. ಇನ್ನೊಂದು ಕೈ ಜಡ್ಡಾದವರ ಕೈಯಾಗ ಇರತೈತ್ರಿ."

ಸುಧಾರಾಣಿ ಮೊದಲ ಬಾರಿಗೆ ಕನ್ನಡಕದ ಮೂಲಕವೇ ಅವಳನ್ನು ನೋಡಿದಳು. ನೀಲಾಂಬಿಕೆ ಒಂದೇ ಕೈಯಿಂದ ಎಳೆದಳು. ಕುರ್ಚಿ ಸದ್ದಿಲ್ಲದೆ ಮಂಚವಾಯಿತು. "ನೋಡೂಣಲ್ಲಾ" ಎಂದು ಸಾಲಿಮಠರು ಅದರ ಮೇಲೆ ತಮ್ಮ ಸಕಲ ಗುರುತ್ವವನ್ನು ಚಾಚಿದರು. ಉಕ್ಕು ಕಿರ್ರೆನ್ನಲಿಲ್ಲ. ಮರುಕ್ಷಣವೇ ಶಂಖನಾದದಂತೆ ದಿಗಂತವ್ಯಾಪಿಯಾದ ಗೊರಕೆಯೊಂದು ಪಡಸಾಲೆಯನ್ನು ತುಂಬಿತು.

"ಅಯ್ಯ, ಎಬ್ಬಸೂಣೇನ್ರಿ? ಊಟದ ಹೊತ್ತಾತು" ಎಂದ ಗುರುಸಿದ್ದಪ್ಪ.

"ಬ್ಯಾಡ್ರಿ," ಪಿಸುಗುಟ್ಟಿದಳು ಸುಧಾರಾಣಿ, "ಪರೀಕ್ಷಾ ನಡದೈತಿ."

ಪರೀಕ್ಷೆ ದೀರ್ಘವಾಗಿ ನಡೆಯಿತು. ಒಳಗೆ ಬಸಲಿಂಗವ್ವನ ಬಿಸಿರೊಟ್ಟಿಗಳು ಉಸಿರು ಬಿಟ್ಟವು, ಉಸಿರು ಕಳಕೊಂಡವು, ಕೊನೆಗೆ ಗುರಾಣಿಗಳಂತೆ ಸೆಟೆದವು. ಅವಳು ಮತ್ತೊಂದು ಕಂತು ಬಡಿದಳು, ಅವೂ ಸೆಟೆದವು. ನೀಲಾಂಬಿಕೆ ತನ್ನ ಚತುರಂಗಬಲವನ್ನೆಲ್ಲ ಮೇಜಿನ ಮೇಲೆ ನಿಲ್ಲಿಸಿ, ಮುಚ್ಚಳಗಳನ್ನು ತೆರೆದು, ಸುಧಾರಾಣಿಯ ಮುಂದೆ ತಾಟಿಟ್ಟಳು.

"ನೀವರ ಊಟ ಮಾಡ್ರಿ ಮೇಡಂ. ಎಣ್ಣಿಗಾಯಿ ಅದಾವು, ಹೋಳಿಗಿ ಅದಾವು. ಅತ್ತಿ ಬಿಸಿರೊಟ್ಟಿನೂ ಮಾಡ್ಯಾರ."

ಸುಧಾರಾಣಿಯ ಮುಖ ಸಣ್ಣದಾಯಿತು. "ಅಯ್ಯ, ಹೇಳೂದ ಮರತೆ ನೋಡ್ರಿ. ಇವತ್ತ ಗುರುವಾರ ಅಲ್ರಿ? ನಂದು ಉಪಾಸ. ಒಂದು ಬಾಳಿಹಣ್ಣಿದ್ರ ಸಾಕು."

ಅತ್ತೆ ಸೊಸೆಯನ್ನು ನೋಡಿದಳು. ಸೊಸೆ ಅತ್ತೆಯನ್ನು ನೋಡಿದಳು. ಅನ್ನಪೂರ್ಣೆಯೇ ನಾಚುವಂತಿದ್ದ ಆ ಮನೆಯಲ್ಲಿ ಬಾಳೆಹಣ್ಣು ಮಾತ್ರ ಇರಲಿಲ್ಲ. ಉಕ್ಕು ಬಾಗಿಸುವ ಭೀಮ ಓಣಿಯ ಅಂಗಡಿಗೆ ಓಡಿದ.

ಸಾಲಿಮಠರು ಎದ್ದಾಗ ಬಿಸಿಲು ಇಳಿದಿತ್ತು. "ಇಂಥಾ ನಿದ್ದಿ ಮಾಡಿ ಎಷ್ಟ ದಿನಾ ಆಗಿತ್ತು!" ಎಂದು ಮೈಮುರಿದರು. "ಊಟ ಬ್ಯಾಡ್ರಿ, ಹೊತ್ತು ಮೀರಿದ್ರ ನನಗ ಪಿತ್ತ ಆಕ್ಕೈತಿ. ಒಂದು ಕಪ್ ಚಾ ಕೊಡ್ರಿ." ಚಹ ಕುಡಿದರು. ಸುಧಾರಾಣಿ ನೀಲಾಂಬಿಕೆಯ ಫೋನ್ ನಂಬರು ಬರೆದುಕೊಂಡಳು, ಗುರುಸಿದ್ದಪ್ಪನದನ್ನು ಕೇಳಲಿಲ್ಲ. "ಸದ್ಯಕ್ಕ ಆರು ಕುರ್ಚಿ ಕಳಸ್ರಿ. ಒಂದು ವಾರ್ಡಿಗೆ ಹಾಕಿ ನೋಡ್ತೀವಿ" ಎಂದಳು. ಕಾರು ಹೋಯಿತು.

ಇಂತು ಎರಡು ದಿನ ಕುದಿದ, ಹುರಿದ, ಕುಟ್ಟಿದ ಆ ಮಹಾಸಮರದಲ್ಲಿ ಬಿಸಿಯೂ ಗೆಲ್ಲಲಿಲ್ಲ, ತಂಗಳೂ ಗೆಲ್ಲಲಿಲ್ಲ. ಗೆದ್ದದ್ದು ಒಂದು ಬಾಳೆಹಣ್ಣು ಮತ್ತು ಒಂದು ಕಪ್ ಚಹ. ಬೆಳಗಿನಿಂದ ಉಪವಾಸವಿದ್ದ ಮೂವರು ಯೋಧರು ಅಡುಗೆಮನೆಯ ನೆಲದ ಮೇಲೆಯೇ ಕುಳಿತರು. ಬಸಲಿಂಗವ್ವ ತಾನು ಬಡಿದ ರೊಟ್ಟಿಯನ್ನು ಬಾಗಿಸಿ ನೋಡಿ, ಸುಮ್ಮನೆ ಮಗನ ತಾಟಿಗೆ ಸರಿಸಿದಳು. ಸೊಸೆಯ ಖಡಕ್ ರೊಟ್ಟಿ ಮುರಿದು, ನಿನ್ನೆಯ ಎಣ್ಣೆಗಾಯಿಗೆ ಅದ್ದಿ ಬಾಯಿಗಿಟ್ಟಳು. ನೀಲಾಂಬಿಕೆ ತುತ್ತು ಎತ್ತದೆ ತೀರ್ಪಿಗೆ ಕಾದಳು. ಅತ್ತೆ ಬಹಳ ಹೊತ್ತು ಅಗಿದಳು.

"ಉಪ್ಪು ಒಂಚೂರು ಕಡಿಮಿ ಆಗೈತಿ" ಎಂದಳು. ಮತ್ತೆರಡು ಬದನೆ ಬಡಿಸಿಕೊಂಡಳು.

ಈ ಕಥೆಯನ್ನು ಹಸಿದು ಕೇಳಿದವರಿಗೆ ಹಸಿವು ಹೆಚ್ಚುವುದು, ಉಂಡು ಕೇಳಿದವರಿಗೆ ನಿದ್ದೆ ಬರುವುದು. ಇದಕ್ಕಿಂತ ಹೆಚ್ಚಿನ ಫಲವೇನೂ ಇಲ್ಲ. ತುಪ್ಪದವರ ಮನೆಯಲ್ಲಿ ಭಾನುವಾರದವರೆಗೂ ಎಣ್ಣೆಗಾಯಿಯೇ ಊಟ.