ಕೊನೆಯ ಪುಟದ ಸರ್ವೆ ನಂಬರು

ಈಜು ಬಾರದವರು ಈಜು ಕಲಿಸಲು ಹೋಗುವುದಿಲ್ಲ, ಅಡುಗೆ ಬಾರದವರು ಅಡುಗೆ ಪುಸ್ತಕ ಬರೆಯುವುದಿಲ್ಲ. ಆದರೆ ಕಾದಂಬರಿ ಬರೆಯಲು ಬಾರದವನು ಕಾದಂಬರಿ ಬರೆಯುವುದು ಹೇಗೆಂದು ಧಾರಾಳವಾಗಿ ಹೇಳಿಕೊಡಬಹುದು. ಅದರಿಂದ ಯಾರೂ ಮುಳುಗುವುದಿಲ್ಲ, ಯಾರ ಹೊಟ್ಟೆಯೂ ಕೆಡುವುದಿಲ್ಲ. ಹೀಗೆಂದು ನಾನು ಬಹಳ ವರ್ಷ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಆ ನಂಬಿಕೆಯ ಮೇಲೆ ಒಂದು ಪುಸ್ತಕವನ್ನೂ ಬರೆದೆ. ಆ ಪುಸ್ತಕದ ದೆಸೆಯಿಂದ ಪಾಲಬಾವಿಯ ಒಬ್ಬ ಹೆಣ್ಣುಮಗಳ ಹೊಲ ಕೈತಪ್ಪಿ ಹೋಗುವುದರಲ್ಲಿತ್ತು ಎಂಬುದನ್ನು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಂಡುಬಿಡುತ್ತೇನೆ.

ಎಂಬತ್ತರ ದಶಕದ ನಡುವಿನಿಂದ ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಉಳಿದ ಹೊತ್ತಿನಲ್ಲಿ ಕಾದಂಬರಿಕಾರ. ಎರಡು ಕಾದಂಬರಿಗಳು ಅಚ್ಚಾಗಿದ್ದವು. ಅಚ್ಚಾಗಿದ್ದವು ಎಂದಷ್ಟೇ ಹೇಳಬಲ್ಲೆ. ಅವನ್ನು ಓದಿದವರು ಯಾರಾದರೂ ಇದ್ದಾರೆಯೇ ಎಂದು ಹುಡುಕುವುದರಲ್ಲಿ ನನ್ನ ಕೆಲವು ಬೇಸಿಗೆ ರಜೆಗಳು ಕಳೆದವು. ನನ್ನ ಹೆಂಡತಿ ಸುಮನ್ ನಿಪ್ಪಾಣಿಯವಳು, ಕನ್ನಡ ಮರಾಠಿ ಎರಡೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಒಲೆಯ ಮೇಲೆ ಹಾಲಿಟ್ಟು ಮರಾಠಿ ಕಾದಂಬರಿ ಓದುತ್ತ ಕೂತು ಹಾಲು ಉಕ್ಕಿಸುವವಳು. ನನ್ನ ಮೊದಲ ಕಾದಂಬರಿಯನ್ನು ಓದುವಾಗ ಮಾತ್ರ ಒಂದು ದಿನವೂ ಹಾಲು ಉಕ್ಕಲಿಲ್ಲ. ನಲವತ್ತನೆಯ ಪುಟದಲ್ಲಿ ಅವಳು ಗುರುತಿಗೆಂದು ಇಟ್ಟ ಇಸ್ತ್ರಿ ಅಂಗಡಿಯ ಚೀಟಿ, ನಾವು ಎರಡು ಮನೆ ಬದಲಾಯಿಸಿದ ಮೇಲೂ ನಲವತ್ತನೆಯ ಪುಟದಲ್ಲೇ ಇತ್ತು.

ಈ ಎರಡು ಕಾದಂಬರಿಗಳನ್ನು ಅಚ್ಚು ಹಾಕಿದ ಪುಣ್ಯಾತ್ಮ ನಿಪ್ಪಾಣಿಯ ಬಾಬುರಾವ್. ಅವನ ಪ್ರೆಸ್ಸಿನ ಮುಖ್ಯ ಕೆಲಸ ಬೀಡಿ ಕಟ್ಟಿನ ಲೇಬಲ್ಲು, ಮದುವೆ ಹಂಗಾಮಿನಲ್ಲಿ ಲಗ್ನಪತ್ರಿಕೆ. ನಡುವೆ ಯಂತ್ರ ಖಾಲಿ ಬಿದ್ದಾಗ ಸಾಹಿತ್ಯ. ಮಾರಾಟವಾಗದೆ ಉಳಿದ ನನ್ನ ಹಾಳೆಗಳನ್ನು ಅವನು ಏನು ಮಾಡುತ್ತಿದ್ದನೆಂದು ನಾನು ಕೇಳಿರಲಿಲ್ಲ. ಒಮ್ಮೆ ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತಿದ್ದವನು ತಂಬಾಕಿನ ಪುಡಿಕೆ ಬಿಚ್ಚಿದಾಗ ಅದರೊಳಗೆ ನನ್ನ ಕಥಾನಾಯಕಿ ಅಳುತ್ತಿರುವುದು ಕಂಡಿತು, ಏಳನೆಯ ಅಧ್ಯಾಯ. ಆ ಮನುಷ್ಯ ಪುಡಿಕೆಯನ್ನು ಓದಿ ನೋಡಲಿ ಎಂದು ಕೊಲ್ಹಾಪುರದ ಬಸ್ಸು ಬರುವವರೆಗೆ ಕಾದೆ. ಅವನು ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡು ಕಾಗದದಿಂದ ಕೈ ಒರೆಸಿಕೊಂಡ.

ಮೂರನೆಯ ಕಾದಂಬರಿಯ ಮಾತು ತೆಗೆದಾಗ ಬಾಬುರಾವ್ ಚಹಾ ತರಿಸಿ, ಬಹಳ ಮರ್ಯಾದೆಯಿಂದ, "ಸರ, ಕಾದಂಬರಿದು ನಂತರ ಬಘೂ. ಆಧೀ ಒಂದ ಗೈಡ ಕೊಡ್ರಿ" ಎಂದ. ಕಾದಂಬರಿಯನ್ನು ಆಮೇಲೆ ನೋಡೋಣ, ಮೊದಲು ಗೈಡು ಎಂದು. ಅವನ ಪ್ರಕಾರ ಓದುವವರಿಗಿಂತ ಬರೆಯಬೇಕೆನ್ನುವವರು ಈಗ ಹೆಚ್ಚು, ಅವರಿಗೊಂದು ಪುಸ್ತಕ ಬೇಕು. ನಾನು ಒಂದು ಬೇಸಿಗೆಯಲ್ಲಿ ಬರೆದುಕೊಟ್ಟೆ. ಬರೆಯುವಾಗ ನನಗೇ ಸೋಜಿಗವಾಗುವಷ್ಟು ಸರಾಗವಾಗಿ ಬಂತು. ನಾನಿಟ್ಟ ಹೆಸರು "ಸಾಹಿತ್ಯ ರಚನಾ ಮಾರ್ಗದರ್ಶಿ". ಬಾಬುರಾವ್ ಇಟ್ಟದ್ದು "ಯಶಸ್ವಿ ರೈಟರ್ ಆಗುವುದು ಹೇಗೆ?" ಮುಖಪುಟಕ್ಕೆ ಯಾವುದೋ ಸ್ಟಾಂಪ್ ಪೇಪರ್ ಮಾರುವವನ ಕ್ಯಾಲೆಂಡರಿಗೆಂದು ಮಾಡಿಸಿದ್ದ ಪೆನ್ನಿನ ಚಿತ್ರದ ಬ್ಲಾಕು ಮೂಲೆಯಲ್ಲಿ ಬಿದ್ದಿತ್ತು, ಅದನ್ನೇ ಒತ್ತಿದ.

ಪುಸ್ತಕ ಓಡಿತು. ವರ್ಷ ತುಂಬುವುದರೊಳಗೆ ಎರಡನೆಯ ಮುದ್ರಣ. ಅಥಣಿಯಲ್ಲಿ ನನಗೆ ಶಾಲು ಹೊದಿಸಿದರು. ಪರಿಚಯ ಮಾಡಿಕೊಟ್ಟವರು ಎರಡು ಕಾದಂಬರಿಗಳ ಹೆಸರನ್ನೂ ಮರೆತು "ಗೈಡ್ ಮಾಸ್ತರು" ಎಂದೇ ಕರೆದರು. ಕಾಗವಾಡದ ಒಬ್ಬರು ಕಾರ್ಡು ಬರೆದು, "ಪಾತ್ರಗಳನ್ನು ಜೀವನದಲ್ಲಿ ಭೇಟಿಯಾಗಬೇಕು ಎಂದಿದ್ದೀರಿ, ಎಲ್ಲಿ ಎಂದು ತಿಳಿಸಿಲ್ಲ, ನಾನು ರವಿವಾರ ಖಾಲಿ ಇರುತ್ತೇನೆ" ಎಂದು ಕೇಳಿದರು. ಹೊರಗೆ ಹೀಗೆ ಕೀರ್ತಿ ಬೆಳೆಯುತ್ತಿದ್ದಾಗ ಮನೆಯಲ್ಲಿ ನನ್ನ ಮೂರನೆಯ ಕಾದಂಬರಿಯ ನಾಯಕ ಅಂಕಲಿಯ ಹತ್ತಿರ ಕೃಷ್ಣೆಯ ದಂಡೆಯಲ್ಲಿ ನಿಂತುಬಿಟ್ಟಿದ್ದ. ಅವನನ್ನು ಕೂರಿಸೋಣವೆಂದರೆ, ನಾಯಕ ಸುಮ್ಮನೆ ಕೂರಬಾರದು ಎಂದು ಗೈಡಿನಲ್ಲಿ ನಾನೇ ಬರೆದಿದ್ದೆ. ನಡೆಸೋಣವೆಂದರೆ, ಕಾರಣವಿಲ್ಲದೆ ಪಾತ್ರಗಳನ್ನು ತಿರುಗಾಡಿಸಬಾರದು ಎಂದೂ ಬರೆದಿದ್ದೆ. ಮುಂಜಾನೆ ಕಾದಂಬರಿಗೆ ಕೂತರೆ ಸಂಜೆಗೆ ಗೈಡಿನ ಇನ್ನೊಂದು ಅಧ್ಯಾಯ ಸಿದ್ಧವಾಗಿರುತ್ತಿತ್ತು. ಸುಮನ್ ಮಾತ್ರ ಆ ಗೈಡನ್ನು ಒಂದೇ ದಿನದಲ್ಲಿ ಓದಿ ಮುಗಿಸಿದಳು, ಹಾಲೂ ಉಕ್ಕಿತು. ಅಂದಿನಿಂದ ನಾನು ಊಟಕ್ಕೆ ಕೂತು ಮಾತು ಬೆಳೆಸಿದರೆ, ಸಂಭಾಷಣೆ ಚುಟುಕಾಗಿರಬೇಕು ಎಂದು ನೀವೇ ಬರೆದಿದ್ದೀರಲ್ಲ ಎಂದು ನೆನಪಿಸುತ್ತಿದ್ದಳು.

ಪುಸ್ತಕ ಅಷ್ಟೊಂದು ಏಕೆ ಓಡಿತೆಂಬುದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಬೇರೆ ಊರುಗಳಲ್ಲಿ ರೈಟರ್ ಎಂದರೆ ಕಥೆಗಾರನೋ ಏನೋ. ನಮ್ಮ ಚಿಕ್ಕೋಡಿಯಲ್ಲಿ ರೈಟರ್ ಎಂದರೆ ಇಬ್ಬರೇ. ಒಬ್ಬ ಪೊಲೀಸ್ ಠಾಣೆಯಲ್ಲಿ ಕೂತು ಬರೆಯುವವನು. ಇನ್ನೊಬ್ಬ ಕೋರ್ಟು ಕಚೇರಿಗಳ ಮುಂದೆ ಮರದ ಪೆಟ್ಟಿಗೆ ಇಟ್ಟುಕೊಂಡು ಖರೇದಿ ಪತ್ರ, ತಕರಾರು ಅರ್ಜಿ ಬರೆದುಕೊಡುವ ಬಾಂಡ್ ರೈಟರ್. ಮೂರನೆಯ ತರಹದ ರೈಟರ್ ಒಬ್ಬ ಇರುತ್ತಾನೆಂದು ಊರಿಗೆ ಗೊತ್ತಿರಲಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿಯ ಬಾಂಡ್ ರೈಟರ್‌ಗಳೆಲ್ಲ, ತಮ್ಮ ಕಸುಬಿಗೂ ಕೊನೆಗೊಂದು ಗೈಡು ಬಂತೆಂದು ಅದನ್ನು ಕೊಂಡುಕೊಂಡಿದ್ದರು. ಮುಖಪುಟದ ಪೆನ್ನು ಬೇರೆ ಅವರಿಗೆ ಗುರುತಿನದೇ ಆಗಿತ್ತು.

ಇದು ನನಗೆ ತಿಳಿದದ್ದು ಅಪ್ಪಾಸಾಹೇಬರು ಮನೆಗೆ ಬಂದ ರವಿವಾರ. ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಇಪ್ಪತ್ತು ವರ್ಷದಿಂದ ಕೂರುವ ಬಾಂಡ್ ರೈಟರ್ ಅವರು. ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರಾದ್ದರಿಂದ ಯಾವ ಅರ್ಜಿಯನ್ನೂ ಸಂಜೆಗೆ ಎಳೆಯುವವರಲ್ಲ. ಅವರ ಹಿಂದೆ ಸೆರಗು ಹೊದ್ದ ಒಬ್ಬ ಹೆಣ್ಣುಮಗಳು, ಪಾಲಬಾವಿಯ ಗಂಗವ್ವ. ಅಪ್ಪಾಸಾಹೇಬರು ಗೈಡನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಅಡ್ಡಗೆರೆ ಎಳೆದು ಎಳೆದು ಪುಸ್ತಕದ ಬಣ್ಣವೇ ಬದಲಾಗಿತ್ತು. ನನ್ನ ಜೀವಮಾನದಲ್ಲಿ ನಾನು ಕಂಡ ಮೊದಲ ಓದುಗ ಅವರೇ. ಅವರ ಕಾಲು ಹಿಡಿಯಬೇಕೆನಿಸಿತು.

ಗಂಗವ್ವನ ಸಂಗತಿ ಹೀಗಿತ್ತು. ಗಂಡ ತೀರಿಕೊಂಡಿದ್ದ. ಎರಡು ಎಕರೆ ಕಬ್ಬಿನ ಹೊಲ, ಮಕ್ಕಳಿಲ್ಲ. ಉತಾರದಲ್ಲಿ, ಅಂದರೆ ಹೊಲ ಯಾರದೆಂದು ಹೇಳುವ ಸರಕಾರಿ ಕಾಗದದಲ್ಲಿ, ಗಂಡನ ಹೆಸರು ತೆಗೆದು ಈಕೆಯ ಹೆಸರು ಹಚ್ಚಬೇಕಿತ್ತು. ಅಷ್ಟರಲ್ಲಿ ಮೈದುನ, ಇಷ್ಟು ವರ್ಷ ದುಡಿದವನು ನಾನು, ನನ್ನ ಹೆಸರೇ ಹಚ್ಚಿರಿ ಎಂದು ತಕರಾರು ಹೂಡಿದ. ಜಗಳ ರಾಯಬಾಗದಲ್ಲಿ ತೀರದೆ ಚಿಕ್ಕೋಡಿಯ ಉಪವಿಭಾಗದ ಅಧಿಕಾರಿಗಳ ಮುಂದೆ ಬಂದಿತ್ತು. ನಮ್ಮ ಕಡೆ ಅವರನ್ನು ಪ್ರಾಂತ ಸಾಹೇಬರು ಎನ್ನುತ್ತಾರೆ. ಗಂಗವ್ವನ ಪರವಾಗಿ ಅಪ್ಪಾಸಾಹೇಬರು ಹಳೆಯ ರೂಢಿ ಬಿಟ್ಟು ಗೈಡಿನಂತೆ ಬರೆದ ಅರ್ಜಿ ಒಮ್ಮೆ ತಿರುಗಿ ಬಂದಿತ್ತು, ಎರಡನೆಯದು ಉಲ್ಟಾ ಹೊಡೆದಿತ್ತು. ಮರುದಿನ ಸೋಮವಾರ ಕೊನೆಯ ತಾರೀಖು. ಅಂದು ಹೇಳಬೇಕಾದದ್ದನ್ನು ಸರಿಯಾಗಿ ಬರೆದು ಕೊಡದಿದ್ದರೆ ಹೊಲ ಮೈದುನನ ಹೆಸರಿಗೆ.

ಅಪ್ಪಾಸಾಹೇಬರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ತಾವು ಯಾವ ಅಧ್ಯಾಯವನ್ನು ತಪ್ಪಾಗಿ ತಿಳಿದುಕೊಂಡೆವೆಂದು ಕೇಳಲು ಬಂದಿದ್ದರು. ಮೊದಲ ಅರ್ಜಿಯನ್ನು ಮುಂದಿಟ್ಟರು. ಹನ್ನೊಂದು ಪುಟ. "ಎಳೆಬಿಸಿಲು ಪಾಲಬಾವಿಯ ಕಬ್ಬಿನ ಗರಿಗಳ ಮೇಲೆ ಹೊರಳಾಡುತ್ತಿತ್ತು" ಎಂದು ಶುರು. ಸುಳ್ಳೇಕೆ ಹೇಳಲಿ, ವಾಕ್ಯ ಚೆನ್ನಾಗಿತ್ತು, ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಹೊಲದ ಸರ್ವೆ ನಂಬರು ಎಲ್ಲೂ ಕಾಣಲಿಲ್ಲ.

"ಸರ್ವೆ ನಂಬರ ಎಲ್ಲೈತ್ರಿ?" ಎಂದೆ.

"ಕೊನೀ ಪುಟದಾಗ ಐತ್ರಿ ಸರ" ಎಂದರು ಅಪ್ಪಾಸಾಹೇಬರು ವಿನಯದಿಂದ. "ಗುಟ್ಟು ಕೊನೀತನಕ ಬಿಟ್ಟಕೊಡಬ್ಯಾಡ್ರಿ ಅಂತ ನೀವ ಬರದೀರಲ್ರಿ."

ಕಚೇರಿಯ ಗುಮಾಸ್ತರು ಮೂರನೆಯ ಪುಟದವರೆಗೆ ಓದಿ, ಯಾವ ಹೊಲದ ಮಾತೆಂದು ತಿಳಿಯದೆ ತಿರುಗಿ ಕಳಿಸಿದ್ದರು. ಎರಡನೆಯ ಅರ್ಜಿಯಲ್ಲಿ ಅಪ್ಪಾಸಾಹೇಬರು ಸರ್ವೆ ನಂಬರನ್ನು ಮುಂದೆ ತಂದಿದ್ದರು, ಆದರೆ ಐದನೆಯ ಅಧ್ಯಾಯ ಓದಿಬಿಟ್ಟಿದ್ದರು. ಖಳನಾಯಕನನ್ನು ಪೂರ್ತಿ ಕೆಟ್ಟವನನ್ನಾಗಿ ಮಾಡಬೇಡಿ, ಅವನಲ್ಲೂ ಒಳ್ಳೆಯ ಗುಣಗಳಿರಲಿ ಎಂದು ಅಲ್ಲಿ ನಾನು ಉಪದೇಶ ಮಾಡಿದ್ದೆ. ಅದರಂತೆ ಮೈದುನನನ್ನು ಅವರು ಕರುಣಾಳುವನ್ನಾಗಿ ಮಾಡಿದ್ದರು. ಅವನು ಹತ್ತು ವರ್ಷ ಮಳೆ ಬಿಸಿಲೆನ್ನದೆ ಆ ಹೊಲವನ್ನು ತನ್ನದೆಂದೇ ತಿಳಿದು ದುಡಿದನೆಂದೂ, ಆ ಮಣ್ಣೂ ಅವನನ್ನೇ ಒಡೆಯನೆಂದು ಒಪ್ಪಿಕೊಂಡಿತ್ತೆಂದೂ ಬರೆದಿದ್ದರು. ಮೈದುನನ ವಕೀಲರು ಇದನ್ನು ಎದ್ದು ನಿಂತು ಓದಿ, ಹೊಲ ಮೈದುನನ ಕಬ್ಜಾದಲ್ಲಿದೆಯೆಂದು ಅರ್ಜಿದಾರಳೇ ಒಪ್ಪಿಕೊಂಡಿದ್ದಾಳೆ ಎಂದುಬಿಟ್ಟರು.

ಇದು ಕಾದಂಬರಿಕಾರರ ಪುಸ್ತಕ, ಅರ್ಜಿಗಳದ್ದಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಗಂಗವ್ವ ಬಾಗಿಲ ಹತ್ತಿರ ಕೂತು ನನ್ನನ್ನೇ ನೋಡುತ್ತಿದ್ದಳು. ಇಷ್ಟು ದಪ್ಪ ಪುಸ್ತಕ ಬರೆದವನಿಗೆ ಒಂದು ಹಾಳೆ ಬರೆಯುವುದು ಎಷ್ಟರ ಮಾತು ಎಂಬ ಧೈರ್ಯ ಅವಳ ಮುಖದಲ್ಲಿತ್ತು. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ನಾನೇ ಬರೆದುಕೊಡುತ್ತೇನೆ ಎಂದೆ.

ಊಟ ಮುಗಿಸಿ ಕೂತೆ. "ಮಾನ್ಯರೇ" ಎಂದು ಬರೆದೆ. ಮುಂದೆ ಇದನ್ನು ಗಂಗವ್ವನ ಬಾಯಿಂದ ಹೇಳಿಸುವುದೋ, ದೂರ ನಿಂತವನೊಬ್ಬ ಹೇಳುವುದೋ ಎಂಬ ಪ್ರಶ್ನೆ ಬಂತು; ಕಥೆಯನ್ನು ಯಾರು ಹೇಳಬೇಕೆಂಬುದರ ಬಗ್ಗೆ ಗೈಡಿನಲ್ಲಿ ನಾನು ಒಂದು ದೊಡ್ಡ ಅಧ್ಯಾಯವನ್ನೇ ಬರೆದಿದ್ದೆ. ಹಾಳೆ ಹರಿದೆ. ಮತ್ತೆ "ಮಾನ್ಯರೇ". ಗಂಡನ ಸಾವನ್ನು ಮೊದಲೇ ಹೇಳಿದರೆ ಪರಿಣಾಮ ಕಡಿಮೆಯಾಗುತ್ತದೆ. ಹಾಳೆ ಹರಿದೆ. ಮೂರನೆಯ ಸಲ ಮೈದುನನ ಬಾಲ್ಯದಿಂದ ಹಿಡಿದೆ. ಅಪ್ಪಾಸಾಹೇಬರು ಪ್ರತಿಯೊಂದು ವಾಕ್ಯಕ್ಕೂ ಭಕ್ತಿಯಿಂದ ತಲೆದೂಗುತ್ತ, ನಡುನಡುವೆ ಕಿಟಕಿಯಿಂದ ಹೊತ್ತು ಎಷ್ಟು ಇಳಿಯಿತೆಂದು ನೋಡುತ್ತಿದ್ದರು. ಸಂಜೆ ಐದಾದರೂ ನನ್ನ ಕೈಯಲ್ಲಿ ಉಳಿದದ್ದು "ಮಾನ್ಯರೇ" ಒಂದೇ.

ಚಹಾ ತಂದ ಸುಮನ್ ನೆಲದ ಮೇಲಿನ ಹಾಳೆಗಳನ್ನು ಎತ್ತಿ ಓದಿದಳು. ನಲವತ್ತನೆಯ ಪುಟದಲ್ಲಿ ಬರುವ ಮುಖಭಾವ ಈ ಸಲ ಎರಡನೆಯ ಸಾಲಿಗೇ ಬಂತು. ಹಾಳೆಗಳನ್ನು ಅಡುಗೆಮನೆಯ ಕಡೆ ಒಯ್ಯುತ್ತ ಆಕೆ ಗಂಗವ್ವನ ಕಡೆ ತಿರುಗಿ, "ಯವ್ವಾ, ಸಾಹೇಬ್ರು ನಿನ್ನ ಎದರಿಗೆ ಕುಂತಾರಂತ ತಿಳಿ. ಏನ ಹೇಳ್ತಿ?" ಎಂದಳು. ನನಗೆ, ಏನೂ ಸೇರಿಸದೆ ಬರೆದುಕೊಳ್ಳಿ ಎಂದು ಕಣ್ಣಲ್ಲೇ ತಾಕೀತು ಮಾಡಿದಳು.

ಗಂಗವ್ವ ಸೆರಗು ಸರಿಮಾಡಿಕೊಂಡಳು. "ನನ್ನ ಗಂಡ ಸತ್ತು ಎರಡ ವರ್ಷ ಆತ್ರಿ. ಹೊಲ ಅವನ ಹೆಸರಲೆ ಇತ್ತು. ನಾ ಅವನ ಹೇಣ್ತಿ, ಮಕ್ಕಳಿಲ್ಲ. ಮೈದುನ ಹೊಲದಾಗ ದುಡದಾನ, ಖರೆ. ದುಡದದ್ದಕ್ಕ ವರ್ಷಾ ಜ್ವಾಳ ಅಳದ ಕೊಟ್ಟೀನಿ, ಊರ ಮಂದಿ ನೋಡ್ಯಾರ. ಹೊಲ ಅವಂದಲ್ಲ, ನಂದು. ನನ್ನ ಹೆಸರ ಹಚ್ರಿ."

ಅಷ್ಟೇ. ಮತ್ತೇನಾದರೂ ಉಂಟೇ ಎಂದು ಕೇಳಿದೆ. ಮತ್ತೇನಿರತೈತ್ರಿ ಎಂದು ಅವಳೇ ಕೇಳಿದಳು. ಸರ್ವೆ ನಂಬರು ಸೇರಿಸಿ, ಬರಹದ ಕನ್ನಡಕ್ಕೆ ಇಳಿಸಿದರೆ ಅರ್ಧ ಹಾಳೆ ಆಯಿತು. ಅಪ್ಪಾಸಾಹೇಬರು ಕಚೇರಿಯ ಪದ್ಧತಿಯಂತೆ ಕೆಳಗೆ "ಬರೆದವರು" ಎಂದು ತಮ್ಮ ಹೆಸರು ಹಾಕಿ, ಗಂಗವ್ವನ ಹೆಬ್ಬೆಟ್ಟು ಒತ್ತಿಸಿ, ಊಟದ ಹೊತ್ತಿಗೆ ಸರಿಯಾಗಿ ಮನೆ ಸೇರಿಕೊಂಡರು.

ಸೋಮವಾರ ರಜೆ ಹಾಕಿ ನಾನೂ ಹೋದೆ. ಕಚೇರಿಯ ಹಿಂದಿನ ಬಾಗಿಲ ಹತ್ತಿರ ನಿಂತು, ಪ್ರಾಂತ ಸಾಹೇಬರು ಆ ಹಾಳೆಯನ್ನು ಓದುವುದನ್ನು ನೋಡಿದೆ. ನಾನು ಬರೆದದ್ದನ್ನು ಒಬ್ಬ ಮನುಷ್ಯ ನನ್ನ ಕಣ್ಣೆದುರಿಗೆ ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದಾನೆ. ಅವರು ಕನ್ನಡಕ ತೆಗೆದು, ಬರೆದವರು ಯಾರೆಂದು ವಿಚಾರಿಸಿದರು. ನಾನು ಒಂದು ಹೆಜ್ಜೆ ಮುಂದಿಟ್ಟೆ. "ನಾನ್ರಿ ಸಾಹೇಬ್ರ" ಎಂದು ಅಪ್ಪಾಸಾಹೇಬರು ಕೈಮುಗಿದರು. ಅರ್ಜಿಯೆಂದರೆ ಹೀಗಿರಬೇಕು ಎಂದು ಸಾಹೇಬರು ನಾಲ್ಕು ಜನರ ಮುಂದೆ ಹೊಗಳಿದರು. ಇಟ್ಟ ಹೆಜ್ಜೆಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಹೊಟ್ಟೆ ಉರಿಯಿತು. ಅದರಲ್ಲಿ ನನ್ನದೆಂಬ ಒಂದು ಮಾತೂ ಇರಲಿಲ್ಲವೆಂಬುದು ನೆನಪಾಗಿ ಇನ್ನಷ್ಟು ಉರಿಯಿತು.

ಎರಡು ತಿಂಗಳ ಮೇಲೆ ಗಂಗವ್ವ ಒಂದು ಬೆಲ್ಲದ ಪೆಂಟೆ ಹೊತ್ತುಕೊಂಡು ಮನೆಗೆ ಬಂದಳು. ಮಡಚಿದ ಹೊಸ ಉತಾರವನ್ನು ಕುಪ್ಪಸದಿಂದ ತೆಗೆದು, ತನ್ನ ಹೆಸರು ಎಲ್ಲಿದೆ ತೋರಿಸಿರೆಂದಳು. ತೋರಿಸಿದೆ. ಅಲ್ಲಿ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಳು. ನನಗೂ ಕಣ್ಣು ತುಂಬಿ ಬಂತು, ಮುಚ್ಚಿಡುವುದೇಕೆ. ಆಮೇಲೆ ಅವಳು ಕಪಾಟಿನ ಕಡೆ ನೋಡಿ, ನಾನು ಉಳಿದ ದಿನ ಏನು ಬರೆಯುತ್ತೇನೆಂದು ಕೇಳಿದಳು. ಕಾದಂಬರಿ ಎಂದೆ. ಅದನ್ನೂ ಯಾರಾದರೂ ಬಂದು ಹೇಳಿ ಬರೆಸುತ್ತಾರೆಯೇ ಎಂದಳು. ಇಲ್ಲ, ಇಲ್ಲದ ಮಂದಿಯನ್ನು ನಾನೇ ಹುಟ್ಟಿಸಿ ಬರೆಯುತ್ತೇನೆ ಎಂದು ವಿವರಿಸಿದೆ.

ಗಂಗವ್ವ ಕನಿಕರದಿಂದ ನನ್ನನ್ನು ನೋಡಿದಳು. "ಹಂಗಾದ್ರ ಅದರಾಗ ಯಾರ ಹೆಸರ ಹತ್ತತೈತ್ರಿ?"

ಸುಮನ್ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದು ತಿಳಿಯುತ್ತಿತ್ತು. ಆ ಪ್ರಶ್ನೆ ವಾರಗಟ್ಟಲೆ ತಲೆಯಲ್ಲಿ ಕೊರೆಯಿತು, ಕಾದಂಬರಿಯ ಒಂದು ಸಾಲೂ ಮುಂದೆ ಹೋಗಲಿಲ್ಲ. ಆದರೆ ಗೈಡಿನ ಮೂರನೆಯ ಮುದ್ರಣಕ್ಕೆ "ಓದುಗರ ಪ್ರಶ್ನೆಗಳಿಗೆ ಉತ್ತರಿಸುವುದು ಹೇಗೆ?" ಎಂಬ ಹೊಸ ಅಧ್ಯಾಯವನ್ನು ಮಾತ್ರ ಒಂದೇ ಮುಂಜಾನೆಯಲ್ಲಿ ಬರೆದುಕೊಟ್ಟೆ. ಬಹಳ ಚೆನ್ನಾಗಿ ಬಂದಿದೆಯೆಂದು ಎಲ್ಲರೂ ಹೇಳುತ್ತಾರೆ.