ಹಿಮ್ಮಡಿ ಕಲ್ಲಿನ ಅತ್ತೆ

"ಇಪ್ಪತ್ತೆರಡು ಕೋಟಿ ವರ್ಷ! ಅಷ್ಟು ಹಿಂದಿನ ಜೀವ ಇವತ್ತು ನಮ್ಮ ಅಂಗಳದಾಗ ಅಡ್ಡಾಡ್ತದ ನೋಡು!" ಎಂದು ಸೂರ್ಯಕಾಂತ ಮಾಸ್ತರರು ಎರಡೂ ಕೈ ಮೇಲೆತ್ತಿ ಸಾರಿದರು.

ಅವರ ಹೆಂಡತಿ ಜಗದೇವಿ ಕಟ್ಟೆಯ ಮೇಲೆ ಪುಂಡಿಸೊಪ್ಪು ಬಿಡಿಸುತ್ತ ಕೂತಿದ್ದಳು. "ಅದಕ್ಕೂ ಊಟ ನಾನೇ ಹಾಕ್ಬೇಕೇನ್ರಿ?" ಎಂದಷ್ಟೇ ಕೇಳಿದಳು.

ಅವಳನ್ನು ಅನ್ನುವಂತಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಮಾಸ್ತರರ ತಲೆಯಲ್ಲಿದ್ದ ಯಂತ್ರಗಳೆಲ್ಲ ಒಂದೊಂದಾಗಿ ಅಂಗಳಕ್ಕೆ ಇಳಿದಿದ್ದವು. ರೊಟ್ಟಿ ಬಡಿಯುವ ಯಂತ್ರ ಮೊದಲ ದಿನವೇ ಹಿಟ್ಟನ್ನೆಲ್ಲ ಮಾಳಿಗೆಯ ಜಂತಿಗೆ ಬಡಿದಿತ್ತು. ಸೊಳ್ಳೆ ಓಡಿಸಲು ಮಾಡಿದ ಪೀಪಿ ಊದಿದಾಗ ಸೊಳ್ಳೆ ಹೋಗುವುದಿರಲಿ, ಕಲಬುರಗಿಯ ಕತ್ತೆಗಳೆಲ್ಲ ಬಾಗಿಲಿಗೆ ಬಂದು ನಿಂತಿದ್ದವು! ಈಗಿನದು ಮರುಜೀವ ಯಂತ್ರ. ಹಳೆಯ ವಾಷಿಂಗ್ ಮಷೀನಿನ ಡ್ರಮ್ಮು, ಹಿಟ್ಟಿನ ಗಿರಣಿಯ ಮೋಟಾರು, ನೆತ್ತಿಯ ಮೇಲೊಂದು ಡಿಶ್ ಆಂಟೆನಾ. ಡ್ರಮ್ಮಿನೊಳಗೆ ಮಾಸ್ತರರು ಭಕ್ತಿಯಿಂದ ಇಟ್ಟದ್ದು ಬಚ್ಚಲಮನೆಯ ಹಿಮ್ಮಡಿ ಉಜ್ಜುವ ಕಲ್ಲನ್ನು.

ಅದು ಬರೀ ಕಲ್ಲಲ್ಲವೆಂದು ತಿಳಿದದ್ದೇ ಈಚೆಗೆ. ನಿಜಾಮನ ಕಾಲದಲ್ಲಿ ಮಾಸ್ತರರ ಅಪ್ಪ ಗೋದಾವರಿಯ ಆಚೆ ಕಲ್ಲಿದ್ದಲ ಗಣಿಯಲ್ಲಿ ಕೆಲಸಕ್ಕಿದ್ದರು. ಅಂಗೈಯಗಲದ, ಮೈತುಂಬ ಗುಳಿ ಗುಳಿ ಬಿದ್ದ ಆ ತುಂಡನ್ನು ಅಲ್ಲಿಂದ ಹೆಂಡತಿಗೆಂದು ತಂದುಕೊಟ್ಟಿದ್ದರು. ಬೇರೆ ಗಂಡಂದಿರು ಸೀರೆ ತಂದರೆ ಈ ಪುಣ್ಯಾತ್ಮ ಕಲ್ಲು ತಂದ! ಮೊನ್ನೆ ಪುಸ್ತಕವೊಂದರಲ್ಲಿ ಅದೇ ಗುಳಿಗಳ ಚಿತ್ರ ಕಂಡ ಮಾಸ್ತರರು ಊಟ ಬಿಟ್ಟು ಬಚ್ಚಲಿಗೆ ಓಡಿದ್ದರು. ಏಟೋಸಾರ್! ಮೊಸಳೆಯ ದೂರದ ನಂಟ, ಹಂದಿಯ ಮೂತಿ, ಬೆನ್ನತುಂಬ ಎಲುಬಿನ ಫಲಕಗಳ ಕವಚ, ಅಪ್ಪಟ ಸಸ್ಯಾಹಾರಿ. ಅದರ ಬೆನ್ನಿನ ಫಲಕವೊಂದಕ್ಕೆ ಈ ಮನೆಯವರು ಇಷ್ಟು ಕಾಲ ಹಿಮ್ಮಡಿ ತಿಕ್ಕಿದ್ದರು.

ಜಗದೇವಿಗೆ ಆ ಕಲ್ಲು ನೋಡಿದರೆ ನೆನಪಾಗುವುದು ಪ್ರಾಣಿಯಲ್ಲ, ಅತ್ತೆ ಗುರುಬಾಯಿ. ಸಂಜೆಯಾದರೆ ಸಾಕು, ಮುದುಕಿ ಬಚ್ಚಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಗರಗರ ಹಿಮ್ಮಡಿ ಉಜ್ಜುವಳು. ಎದುರಿಗೇ ಅಡುಗೆಮನೆಯ ಬಾಗಿಲು. ಕೈ ಕಲ್ಲಿನ ಮೇಲೆ, ಕಣ್ಣು ಸೊಸೆಯ ಮೇಲೆ! "ಜಗದೇವಿ, ಒಗ್ಗರಣಿ ಸೀಯ್ಲಿಕತ್ತದ!" "ಜಗದೇವಿ, ಹಾಲು ನೋಡು!" ಮದುವೆಯಾದಂದಿನಿಂದ ಇದೇ ಪಾಠ. ಊಟಕ್ಕೆ ಕೂತರೆ ರೊಟ್ಟಿಯನ್ನು ಮೂಸಿ ನೋಡಿ, ಒಂದು ಚೂರು ಮುರಿದು ಬಾಯಿಗಿಟ್ಟು, ತಟ್ಟೆಯನ್ನು ಎರಡು ಬೆರಳಿನಿಂದ ಆಚೆ ಸರಿಸುವಳು. "ಹೂಂ, ತಿನ್ಲಿಕ್ಕೆ ಬರ್ತದ."

ಛಲೋ ಆಗ್ಯದ ಅಂತ ಒಂದು ಸಲ, ಒಂದೇ ಒಂದು ಸಲ, ಅವಳ ಬಾಯಿಂದ ಬರಲಿಲ್ಲ. ಹೋದ ವರ್ಷದ ಹಿಂದಿನ ವರ್ಷ ಮುದುಕಿ ತೀರಿಕೊಂಡಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಸೊಸೆಯ ಕಾಲವೇನೋ ಬಂತು. ಆದರೆ ಒಗ್ಗರಣೆ ಸೀದರೂ ಕೇಳುವವರಿಲ್ಲದ ಆ ಅಡುಗೆಮನೆಯಲ್ಲಿ ಜಗದೇವಿಗೆ ಬೇಸರವಾಗುತ್ತಿತ್ತು. ಅತ್ತೆಯ ಮೇಲಿನ ಸಿಟ್ಟೂ ಹೋಗಿರಲಿಲ್ಲ, ಅತ್ತೆಯ ನೆನಪೂ ಹೋಗಿರಲಿಲ್ಲ.

"ಯಂತ್ರ ತಿರುಗೂ ತನಕ ಜೀವ ಇರ್ತದ. ನಿಂತ್ರ ಮತ್ತ ಕಲ್ಲು. ತಿಳೀತಿಲ್ಲೋ?" ಎಂದು ಮಾಸ್ತರರು ಬಟನ್ ಒತ್ತಿದರು.

ಗೋಡೆಯಾಚೆಯ ಮನೆಯ ಖಾಸಿಂಬಿ, ಗುರುಬಾಯಿಯ ಜೀವದ ಗೆಳತಿ, ತಮಾಷೆ ನೋಡಲು ಬಂದವಳು ಕಿವಿ ಮುಚ್ಚಿಕೊಂಡಳು. ಯಂತ್ರ ಗುಡುಗಿತು, ನಡುಗಿತು, ಅಂಗಳದ ಶಹಾಬಾದ್ ಕಲ್ಲುಗಳೆಲ್ಲ ಕುಣಿದವು. ಹೊಗೆ ಕರಗಿದಾಗ ಡ್ರಮ್ಮು ಒಡೆದು ಎರಡು ಹೋಳಾಗಿತ್ತು, ಮೋಟಾರು ಮಾತ್ರ ತಿರುಗುತ್ತಲೇ ಇತ್ತು. ನಡುವೆ ಎಮ್ಮೆಯ ಕರುವಿನಷ್ಟು ದೊಡ್ಡ ಪ್ರಾಣಿ! ಬೆನ್ನ ಮೇಲೆ ಸಾಲು ಸಾಲು ಫಲಕ, ಹೆಗಲ ಮೇಲೆ ಎರಡು ಕೊಂಬು.

"ನೋಡ್ರೆವ್ವ! ನೋಡ್ರಿ!" ಮಾಸ್ತರರು ಕುಣಿದರು.

ಪ್ರಾಣಿ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿತು. ಅವರ ಹರಿದ ಬನಿಯನ್ನನ್ನು ಮೂತಿಯಿಂದ ಎಳೆದು ಗುರ್ರೆಂದಿತು. ಆಮೇಲೆ ಎಡ ಸೊಂಟದ ಮೇಲೆ ಭಾರ ಬಿಟ್ಟು, ನಿಧಾನಕ್ಕೆ ಹೆಜ್ಜೆ ಹಾಕುತ್ತ ಬಚ್ಚಲಿಗೆ ಹೋಗಿ ಹಂಡೆಯ ನೀರು ಕಾದಿದೆಯೇ ಎಂದು ಮೂತಿ ಅದ್ದಿ ನೋಡಿತು. ಅಲ್ಲಿಂದ ನೆಟ್ಟಗೆ ಅಡುಗೆಮನೆಯ ಹೊಸ್ತಿಲಿಗೆ ಬಂದು ಕಾಲು ಚಾಚಿ ಕೂತಿತು.

"ಯಾ ಅಲ್ಲಾ!" ಖಾಸಿಂಬಿ ಎದೆ ಹಿಡಿದುಕೊಂಡಳು. "ಜಗದೇವಿ, ಇದು ನಮ್ಮ ಗುರುಬಾಯಕ್ಕನ ನಡಿಗಿ!"

ಮಾಸ್ತರರ ಮುಖ ಸಪ್ಪಗಾಯಿತು. "ಕಲ್ಲಿನ ಗುಳಿಯೊಳಗ ಅವ್ವನ ಹಿಮ್ಮಡಿ ಚರ್ಮ ಉಳಿದಿರಬೇಕು. ಯಂತ್ರ ಎರಡೂ ಕೂಡಿಸಿ ಓದ್ಯದ. ನಾ ಬ್ರಷ್ ಹಾಕಿ ತೊಳ್ದಿದ್ನಲ್ಲ!"

"ನಿಮ್ಮವ್ವ ಬ್ರಷ್ಷಿಗೆ ಹೋಗೂ ಪೈಕಿ ಏನ್ರಿ?" ಎಂದಳು ಜಗದೇವಿ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ ಎಂಬ ಗಾದೆಯಿದೆ. ಸೂರ್ಯಕಾಂತ ಮಾಸ್ತರರು ಏಟೋಸಾರ್ ಮಾಡಲು ಹೋಗಿ ತಮ್ಮ ಅವ್ವನನ್ನೇ ಮಾಡಿಟ್ಟಿದ್ದರು!

ಅಂದಿನಿಂದ ಮನೆ ಮೊದಲಿನ ಮನೆಯಾಯಿತು. ಕೋಳಿ ಕೂಗುವ ಮೊದಲೇ ಪ್ರಾಣಿ ಮಾಸ್ತರರ ಹೊದಿಕೆ ಎಳೆದುಹಾಕುತ್ತಿತ್ತು. ಜಗದೇವಿ ಗುಡಿಸಿದ ಜಾಗದಲ್ಲೇ ಮೂತಿಯಿಂದ ಮತ್ತೊಮ್ಮೆ ಗುಡಿಸಿ, ಇಷ್ಟೇ ಇಷ್ಟು ಧೂಳು ತಂದು ಅವಳ ಕಾಲ ಬಳಿ ಇಡುತ್ತಿತ್ತು. ಹಾಲು ಉಕ್ಕುವ ಮುಂಚೆ ಗುರ್ರ್! ಸೊಸೆ ಫೋನಿನಲ್ಲಿ ಎರಡು ಮಾತು ಹೆಚ್ಚು ಆಡಿದರೂ ಗುರ್ರ್! ಹಿತ್ತಿಲಲ್ಲಿ ಅವಳು ಆಸೆಯಿಂದ ಬೆಳೆಸಿದ್ದ ಗುಲಾಬಿ ಗಿಡಗಳನ್ನೆಲ್ಲ ಬುಡಸಮೇತ ಅಗೆದು ಹಾಕಿ, ಪುಂಡಿಸೊಪ್ಪಿನ ಮಡಿಯನ್ನು ಮಾತ್ರ ಮುಟ್ಟದೆ ಬಿಟ್ಟಿತು.

"ಹೂವು ತಿನ್ಲಿಕ್ಕೆ ಬರ್ತದೇನು ಅಂತ ನಾ ಗಿಡ ಹಚ್ಚಿದಾಗೇ ಅತ್ತಿ ಅಂದಿದ್ರು! ಬಂದ್ ಮಾಡ್ರಿ ನಿಮ್ಮ ಯಂತ್ರ!" ಜಗದೇವಿ ಕೂಗಾಡಿದಳು.

"ನಮ್ಮವ್ವನ್ನ ನಾನೇ ಬಂದ್ ಮಾಡ್ಲೇನು? ನಿನ್ನ ಬಾಯಾಗ ಇದೆಂಥ ಮಾತು!"

"ಹಂಗಾದ್ರ ರೊಟ್ಟಿನೂ ನೀವೇ ಬಡೀರಿ!"

ಹೀಗೆಂದವಳೇ ಒಳಗೆ ಹೋಗಿ ರೊಟ್ಟಿ ಬಡಿದಳು. ತಟ್ಟೆಯಲ್ಲಿಟ್ಟು ಪ್ರಾಣಿಯ ಮುಂದಿಟ್ಟಳು. ಅದು ಮೂಸಿತು. ಮೂತಿಯ ತುದಿಯಿಂದ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿತು. ಸರಿಸುವ ರೀತಿಯೂ ಅದೇ! ಇಪ್ಪತ್ತೆರಡು ಕೋಟಿ ವರ್ಷ ಹಿಂದಕ್ಕೆ ಹೋಗಿ ಬಂದರೂ ಆ ಗುಣವೊಂದು ಬದಲಾಗಿರಲಿಲ್ಲ. ಮರುದಿನ ಎಳ್ಳು ಹಚ್ಚಿ ಮಾಡಿದಳು, ಸರಿಸಿತು. ಅದರ ಮರುದಿನ ಶೇಂಗಾ ಹಿಂಡಿ ಜೊತೆಗಿಟ್ಟಳು, ಹಿಂಡಿ ನೆಕ್ಕಿ ರೊಟ್ಟಿ ಸರಿಸಿತು. ಜಗದೇವಿಗೆ ಅಳು ಬಂತು.

ಓಣಿಯಲ್ಲಿ ಸುದ್ದಿ ಹಬ್ಬಿತು. ವಯಸ್ಸಾದವರು ಬಂದು ಪ್ರಾಣಿಯ ಹಣೆಗೆ ವಿಭೂತಿ ಹಚ್ಚಿದರು, ಅದು ಕಣ್ಣುಮುಚ್ಚಿ ಹಚ್ಚಿಸಿಕೊಂಡಿತು. ಅದು ಬಾಗಿಲಿಗೆ ಬಂದರೆ ಓಣಿಯ ಸೊಸೆಯರೆಲ್ಲ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ಹಾಲು ಹಾಕುವವನು ನೀರು ಬೆರೆಸುವುದನ್ನು ಬಿಟ್ಟ. ಯಾರೋ ದೂರು ಕೊಟ್ಟರೆಂದು ಹಂದಿ ಹಿಡಿಯುವವರು ಬಲೆ ಹೊತ್ತು ಬಂದರು. ಅದು ಅವರ ಎದುರಿಗೆ ನಿಂತು ಸುಮ್ಮನೆ ದಿಟ್ಟಿಸಿತು, ಅಷ್ಟೇ! ದಡಿಗ ಗಂಡಸರು ಚಪ್ಪಲಿ ಬಿಟ್ಟು ಕೈಮುಗಿದು, "ತಪ್ಪಾತ್ರೆವ್ವ" ಎಂದು ಹಿಂದೆ ಸರಿದರು. ಖಾಸಿಂಬಿಯಂತೂ ದಿನಾ ಬಂದು ಅದರ ಪಕ್ಕ ಕೂತು, ಎರಡು ವರ್ಷದ ಸುದ್ದಿಯನ್ನೆಲ್ಲ ಹೇಳಿ, ಅತ್ತು, ನಕ್ಕು ಹೋಗುತ್ತಿದ್ದಳು. ಜಗದೇವಿ ಒಳಗಿನಿಂದ ಅದನ್ನೆಲ್ಲ ಕೇಳುತ್ತ, ಎಷ್ಟೋ ದಿನಗಳ ಮೇಲೆ ಮನೆ ತುಂಬಿದೆ ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆ ತಾನೇ ಸಿಡುಕಿದಳು.

ಒಂದು ಮಧ್ಯಾಹ್ನ ಅಂಗಳದಿಂದ ಸುಟ್ಟ ವಾಸನೆ ಬಂತು.

"ಮೋಟಾರಿನ ಕಾಯಿಲ್ ಸುಡ್ಲಿಕತ್ತದ! ತಾಳಂಗಿಲ್ಲ ಇದು, ಹೋಗ್ತದ!" ಮಾಸ್ತರರು ಒದ್ದೆ ಗೋಣಿ ಹಿಡಿದು ಯಂತ್ರದ ಸುತ್ತ ಓಡುತ್ತಿದ್ದರು. ಹೊಸ್ತಿಲಲ್ಲಿ ಕೂತ ಪ್ರಾಣಿಯ ಬಾಲದ ತುದಿ ಆಗಲೇ ಕಲ್ಲಾಗುತ್ತ ಬಂದಿತ್ತು.

ಜಗದೇವಿ ಹಿಟ್ಟಿನ ಡಬ್ಬಿಗೆ ಕೈಹಾಕಿದಳು. "ಸ್ವಲ್ಪ ತಡೀಲಿಕ್ಕೆ ಹೇಳ್ರಿ ಅದಕ್ಕ! ಒಂದ್ ರೊಟ್ಟಿ ಬಡೀತೀನಿ!"

"ಅದೇನು ನಾ ಹೇಳಿದ್ ಕೇಳ್ತದೇನು?"

ಅವಳು ಆಗಲೇ ಹಿಟ್ಟಿಗೆ ಕುದಿನೀರು ಸುರಿದಿದ್ದಳು. ಕೈ ಸುಟ್ಟರೂ ಬಿಡದೆ ನಾದಿದಳು. ಟಪ್ ಟಪ್ ಟಪ್ ಎಂದು ಹಿಟ್ಟು ಕೈಕೆಳಗೆ ತಿರುಗತೊಡಗಿದಾಗ, ಈ ಮನೆಗೆ ಬಂದ ಹೊಸದರಲ್ಲಿ ಅವಳ ರೊಟ್ಟಿ ಹರಿದು ಹರಿದು ಹೋದದ್ದು ನೆನಪಾಯಿತು. ಅತ್ತೆ ಹಿಂದೆ ಕೂತು, ತನ್ನ ಒರಟು ಕೈ ಅವಳ ಕೈಮೇಲಿಟ್ಟು, "ಹಿಂಗ ತಿರುಗಿಸ್ಬೇಕು, ಹುಚ್ಚಿ" ಎಂದು ತಿರುಗಿಸಿದ್ದಳು. ಆ ಕೈ ಎಷ್ಟು ಬೆಚ್ಚಗಿತ್ತು! ಅದನ್ನು ಇಷ್ಟು ದಿನ ಮರೆತಿದ್ದೆನಲ್ಲ ಎಂದು ಅವಳ ಕಣ್ಣಲ್ಲಿ ನೀರು ಬಂತು.

ರೊಟ್ಟಿ ಹಂಚಿನ ಮೇಲೆ ಉಬ್ಬಿತು. ತಟ್ಟೆ ಹುಡುಕಲು ಹೊತ್ತಿರಲಿಲ್ಲ. ಅಂಗೈಯಲ್ಲೇ ಹಿಡಿದು ಓಡಿದಳು. ಪ್ರಾಣಿಯ ಹಿಂಗಾಲು, ಬೆನ್ನು ಎಲ್ಲ ಕಲ್ಲಾಗಿ ಕುತ್ತಿಗೆಗೆ ಬಂದಿತ್ತು.

"ಅತ್ತೀ, ತಿನ್ರಿ. ಬಿಸಿ ಅದ."

ಅದು ಮೂಸಿತು. ಜಗದೇವಿಯ ಮುಖ ನೋಡಿತು. ಆಮೇಲೆ ಬಾಯಿ ತೆರೆದು ಒಂದು ತುಂಡು ಕಚ್ಚಿತು.

ಢಂ! ಕಾಯಿಲ್ ಹಾರಿಹೋಯಿತು. ಓಣಿಯ ಕರೆಂಟೂ ಅದರ ಜೊತೆಗೇ ಹೋಯಿತು. ಡಿಶ್ ಆಂಟೆನಾ ಖಾಸಿಂಬಿಯ ಮಾಳಿಗೆಗೆ ಹಾರಿತು. ಹೊಸ್ತಿಲಲ್ಲಿ ಒಂದು ಪೂರಾ ಕಲ್ಲಿನ ಏಟೋಸಾರ್ ಕಾಲು ಚಾಚಿ ಕೂತಿತ್ತು.

ಅದನ್ನು ಎತ್ತಲು ಓಣಿಯ ಗಂಡಸರೆಲ್ಲ ಬಂದರು, ಹಗ್ಗ ಬಂತು, ಟ್ರ್ಯಾಕ್ಟರ್ ಬಂತು. ಹಗ್ಗ ಹರಿಯಿತೇ ಹೊರತು ಅದು ಜಗ್ಗಲಿಲ್ಲ. ಈಗ ಅಡುಗೆಮನೆಗೆ ಹೋಗುವವರೆಲ್ಲ ಅದಕ್ಕೆ ತಲೆ ಬಾಗಿಸಿ, ಪಕ್ಕದಿಂದ ನುಸುಳಿಯೇ ಹೋಗಬೇಕು.

ಕಲ್ಲಿನ ಬಾಯಲ್ಲಿ ರೊಟ್ಟಿಯ ತುಂಡು ಹಾಗೆಯೇ ಇದೆ, ಅದೂ ಕಲ್ಲಾಗಿ. ಮಾಸ್ತರರು ಟಾರ್ಚು, ಭೂತಗನ್ನಡಿ ಹಿಡಿದು ವಾರವಿಡೀ ಪರೀಕ್ಷಿಸಿದರು.

"ವಿಜ್ಞಾನದ ಪ್ರಕಾರ ಖಾತ್ರಿಯಾಗಿ ಹೇಳ್ಲಿಕ್ಕೆ ಬರಂಗಿಲ್ಲ," ಎಂದು ಕೊನೆಗೆ ತೀರ್ಪು ಕೊಟ್ಟರು. "ತುತ್ತು ಒಳಗ ಹೊಂಟಿತ್ತೋ, ಹೊರಗ ಹೊಂಟಿತ್ತೋ."

"ಒಳಗೇ ಹೊಂಟಿತ್ತು ಅನ್ಬಾರದೇನಪ್ಪ? ನಿನ್ನ ಗಂಟೇನು ಹೋಗ್ತದ!" ಎಂದು ಖಾಸಿಂಬಿ ರೇಗಿದಳು.

ಜಗದೇವಿ ಸೆರಗಿನ ತುದಿಯಿಂದ ಕಲ್ಲಿನ ಮೂತಿಯ ಮೇಲಿನ ಹಿಟ್ಟು ಒರೆಸಿದಳು.

"ನೀವು ಸುಮ್ಮಕಿರ್ರಿ," ಎಂದಳು. "ಉಗುಳೋದೇ ಇದ್ದಿದ್ರ ನಮ್ಮತ್ತಿ ಕಲ್ಲಾಗೂ ತನಕ ಕಾಯ್ತಿದ್ದಿಲ್ಲ."